ಒಬ್ಬ ವ್ಯಕ್ತಿ, ಹಲವು ಗುರುತುಗಳು



ಪ್ರತಿವರ್ಷ ಜೂನ್ ತಿಂಗಳಿನಲ್ಲಿ ಶಾಲೆಯ ಬಾಗಿಲು ತೆರೆದೊಡನೆ ಪ್ರವೇಶಪತ್ರಗಳನ್ನು ತುಂಬಿಸುವ ಕೆಲಸ ನಮ್ಮ ಪಾಲಿಗೆ ಬರುವುದುಂಟು. ಆ ಪತ್ರದಲ್ಲಿ 'ಮಾತೃಭಾಷೆ' ಎಂಬುದೊಂದು ಅಂಕಣ. ಅದಕ್ಕಾಗಿ ಬಿಟ್ಟಿರುವ ಸ್ಥಳ ಎರಡು ಅಂಗುಲ ಮಾತ್ರ. ಒಮ್ಮೆ ಒಬ್ಬ ಬಾಲಕನು ಆ ಅಂಕಣದವರೆಗೆ ಬಂದು, ಲೇಖನಿಯನ್ನು ಹಿಡಿದುಕೊಂಡು ಸುಮ್ಮನೆ ಕುಳಿತುಬಿಟ್ಟನು. ಅವನ ತಾಯಿಯ ಮಾತು ತುಳು; ತಂದೆಯದು ಕುಂದಾಪುರದ ಕನ್ನಡ; ಚಾಳಿನ ನೆರೆಹೊರೆಯವರೊಡನೆ ಅವನು ಆಡುವುದು ಮರಾಠಿ; ಆಟದ ಬಯಲಿನಲ್ಲಿ ಹಿಂದಿ. "ಯಾವುದನ್ನು ಬರೆಯಲಿ, ಸರ್?" ಎಂದು ಅವನು ಕೇಳಿದನು. "ಕನ್ನಡವೆಂದು ಬರೆ" ಎಂದು ನಾವು ಥಟ್ಟನೆ ಹೇಳಿಬಿಟ್ಟೆವು. ಕೆಲಸವೇನೋ ಮುಗಿಯಿತು, ಪ್ರಶ್ನೆ ಮಾತ್ರ ಉಳಿಯಿತು. ಆ ಪ್ರಶ್ನೆಯನ್ನೇ ಇಂದು ನಿಮ್ಮ ಮುಂದಿಟ್ಟು, ನಮಗೆ ತಿಳಿದಷ್ಟನ್ನು ವಿವರಿಸಬಯಸುತ್ತೇವೆ.

ನಮ್ಮ ದೇಶದ ಜನಗಣತಿಯವರ ವ್ಯಾಖ್ಯೆಯಂತೆ, ಬಾಲ್ಯದಲ್ಲಿ ತಾಯಿಯು ಮಗುವಿನೊಡನೆ ಆಡಿದ ಭಾಷೆಯೇ ಮಾತೃಭಾಷೆ. 2011ರ ಗಣತಿಯಲ್ಲಿ ಹೀಗೆ ತುಳುವನ್ನು ಹೇಳಿದವರು ಹದಿನೆಂಟು ಲಕ್ಷಕ್ಕೂ ಹೆಚ್ಚು ಮಂದಿ. ಮಾತೃಭಾಷೆಯಲ್ಲದೆ, ಬಲ್ಲ ಇನ್ನೆರಡು ಭಾಷೆಗಳನ್ನು ಹೇಳಲೂ ಆ ಗಣತಿಯಲ್ಲಿ ಅವಕಾಶವಿತ್ತು. ನಮ್ಮ ಬಾಲಕನಿಗಾದರೋ ಆ ಮೂರು ಸ್ಥಾನಗಳೂ ಸಾಲವು! ಈ ವ್ಯಾಖ್ಯೆಯ ಪ್ರಕಾರ ನಾವು ಕೊಟ್ಟ ಉತ್ತರವೂ ತಪ್ಪೇ ಆಗಿತ್ತು.

ಮನುಷ್ಯನ ಗುರುತು ಅವನು ನಿಂತ ನೆಲವನ್ನು ಅನುಸರಿಸಿ ಬದಲಾಗುತ್ತದೆ. ನಾವು ಹುಟ್ಟಿ ಬೆಳೆದುದು ವಿಜಯಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಅಲ್ಲಿ ನಮ್ಮನ್ನು ಯಾರೂ ಕನ್ನಡಿಗನೆಂದು ಕರೆದುದಿಲ್ಲ. ಊರಿಗೆ ಊರೇ ಕನ್ನಡವನ್ನಾಡುವಾಗ ಆ ಹೆಸರಿಗೆ ಕೆಲಸವೇನು? ಅಲ್ಲಿ ಕೇಳುತ್ತಿದ್ದುದು, "ಯಾರ ಪೈಕಿ? ಯಾವ ಓಣಿ?" ಎಂದು. ಆ ಒಂದು ಉತ್ತರದಿಂದಲೇ ನಮ್ಮ ಜಾತಿ, ಹೊಲಮನೆ, ಯಾರ ಕಟ್ಟೆಯ ಮೇಲೆ ಕುಳಿತುಕೊಳ್ಳಬಹುದೆಂಬುದು ಎಲ್ಲವೂ ಗೊತ್ತಾಗಿಬಿಡುತ್ತಿತ್ತು. ಮೆಟ್ರಿಕ್ ಮುಗಿಸಿ ಮುಂಬಯಿಗೆ ಬಂದಿಳಿದಾಗ ಓಣಿಯನ್ನು ಕೇಳುವವರು ಇರಲಿಲ್ಲ; ಊರು ಯಾವುದೆಂದು ಮರಾಠಿಯಲ್ಲಿ ಕೇಳಿದರು. ಅಂದು ನಾವು ಜೀವನದಲ್ಲಿ ಮೊದಲ ಬಾರಿಗೆ ಕನ್ನಡಿಗರಾದೆವು. ಮುಂದೆ ಕನ್ನಡಿಗರ ನಡುವೆ ಬಂದು ಸೇರಿದಾಗ, ಕರಾವಳಿಯ ಸ್ನೇಹಿತರ ಬಾಯಲ್ಲಿ 'ಘಟ್ಟದ ಮೇಲಿನವರು' ಆದೆವು. ನಮ್ಮ 'ಹೌದ್ರಿ', 'ಬರ್ರಿ'ಗಳನ್ನು ಕೇಳಿ ಅವರು ನಕ್ಕರು. ಅವರ 'ಎಂಥದ್ದು ಮಾರಾಯ್ರೆ' ನಮಗೆ ಒಗಟಾಯಿತು.

ಕೆಲವು ವೇಳೆ ಮನುಷ್ಯನು ಒಂದು ಹೆಜ್ಜೆಯನ್ನೂ ಎತ್ತಿಡದೆ ಅವನ ಗುರುತು ಬದಲಾಗುವುದುಂಟು. 1956ರ ಅಕ್ಟೋಬರ್ ಕಡೆಯವರೆಗೆ ವಿಜಯಪುರ, ಧಾರವಾಡ, ಬೆಳಗಾವಿ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲಿದ್ದುವು. ಅಲ್ಲಿಂದ ಈ ನಗರಕ್ಕೆ ಬಂದವನು ತನ್ನ ರಾಜಧಾನಿಗೇ ಬಂದಂತಾಗುತ್ತಿತ್ತು. ಅದೇ ವರ್ಷದ ನವೆಂಬರ್ 1ರಂದು ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದುವು. ಹಿಂದಿನ ರಾತ್ರಿ ಇಲ್ಲಿನ ಚಾಳಿನಲ್ಲಿ ಮಲಗಿದವನು ಬೆಳಗ್ಗೆ ಏಳುವಷ್ಟರಲ್ಲಿ ಹೊರರಾಜ್ಯದವನಾಗಿದ್ದನು! ಸೋಲಾಪುರ, ಅಕ್ಕಲಕೋಟೆಗಳ ಕನ್ನಡಿಗರಾದರೋ ಗಡಿಯ ಈಚೆಗೇ ಉಳಿದರು.

ಇಷ್ಟಾದರೆ, ಗುರುತುಗಳೆಂದರೆ ಸಮಯಕ್ಕೆ ತಕ್ಕಂತೆ ತೊಟ್ಟು ಬಿಡುವ ಅಂಗಿಗಳೆಂದು ನಿಮಗೆ ತೋರಬಹುದು. ಹಾಗಲ್ಲವೆಂಬುದನ್ನು ನಮಗೆ ಕಲಿಸಿದವಳು ಒಬ್ಬ ವಿದ್ಯಾರ್ಥಿನಿ.

ಕೆಲವು ವರ್ಷಗಳ ಹಿಂದೆ ಯಾದಗಿರಿ ಕಡೆಯ ಕುಟುಂಬದ ಹುಡುಗಿಯೊಬ್ಬಳು ನಮ್ಮ ತರಗತಿಯಲ್ಲಿದ್ದಳು. ತಂದೆತಾಯಿಗಳಿಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುವವರು. ಅವಳು ವಾರಕ್ಕೆ ಮೂರು ನಾಲ್ಕು ದಿನ ತಡವಾಗಿ ಬರುತ್ತಿದ್ದಳು. ಕಾರಣ ಕೇಳಿದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದಳು. ನಾವು ಅವಳ ಪ್ರಗತಿಪತ್ರದಲ್ಲಿ 'ಆಲಸ್ಯ ಹೆಚ್ಚು' ಎಂದು ಬರೆದೆವು. ಮುಂದೆ ಶಿಷ್ಯವೇತನದ ಕಾಗದಕ್ಕೆ ಅವಳ ತಂದೆಯ ಸಹಿ ಬೇಕಾಗಿ, ಒಂದು ದಿನ ಬೆಳಗ್ಗೆ ಅವರ ವಸತಿಗೆ ಹೋದೆವು. ಸಾರ್ವಜನಿಕ ನಲ್ಲಿಯ ಮುಂದಿನ ಸಾಲಿನಲ್ಲಿ ಮೂರು ಕೊಡಗಳನ್ನಿಟ್ಟುಕೊಂಡು ಆ ಹುಡುಗಿ ನಿಂತಿದ್ದಳು. ಶಾಲೆಯ ಗಂಟೆ ಬಾರಿಸಲು ಅರ್ಧ ತಾಸು ಮಾತ್ರ ಉಳಿದಿತ್ತು.

ಇಲ್ಲಿ ಸ್ವಲ್ಪ ವಿಚಾರ ಮಾಡೋಣ. ಅವಳ ತಡಕ್ಕೆ ಬಡತನವೇ ಕಾರಣವೆನ್ನೋಣವೇ? ಅದೇ ಮನೆಯ ಅವಳ ಅಣ್ಣನು ನಮ್ಮ ಶಾಲೆಯಲ್ಲಿಯೇ ಓದುತ್ತಿದ್ದು, ದಿನವೂ ಸರಿಯಾದ ವೇಳೆಗೆ ಬರುತ್ತಿದ್ದನು. ನೀರು ತರುವುದು ಗಂಡುಮಗನ ಕೆಲಸವೆಂದು ಆ ಮನೆಯಲ್ಲಿ ಯಾರಿಗೂ ತೋರಿರಲಿಲ್ಲ. ಹಾಗಾದರೆ ಹೆಣ್ಣಾಗಿರುವುದೇ ಕಾರಣವೇ? ಮನೆಯೊಳಗೇ ನಲ್ಲಿಯಿದ್ದ ಅವಳ ಗೆಳತಿಯರು ಎಂದೂ ತಡಮಾಡಿದವರಲ್ಲ. ಬಡತನ ಮತ್ತು ಹೆಣ್ಣುತನ ಒಂದೇ ಜೀವದಲ್ಲಿ ಕೂಡಿದಲ್ಲಿ ಮಾತ್ರ ಆ ಮೂರು ಕೊಡಗಳು ಬಂದು ಕುಳಿತಿದ್ದುವು. ಇನ್ನು ಅವಳು ಬಾಯಿಬಿಟ್ಟು ಕಾರಣವನ್ನೇಕೆ ಹೇಳಲಿಲ್ಲ? ಅವಳ ಸೀಮೆಯ ಮಾತಿಗೆ ತರಗತಿಯಲ್ಲಿ ನಗುವವರಿದ್ದರು. ಅದೇ ಬಗೆಯ ನಗೆಯನ್ನು ಹಿಂದೆ ತಾವೇ ಉಂಡಿದ್ದ ಅವಳ ಶಿಕ್ಷಕರು ಅದನ್ನು ಗಮನಿಸಲಿಲ್ಲ. ಈ ತಪ್ಪು ನಮ್ಮದು. ಇದನ್ನು ಹೇಳಲು ನಮಗೆ ಸಂಕೋಚವಿದ್ದರೂ ಹೇಳದಿರುವುದು ಸರಿಯಲ್ಲ.

ಅರಿಸಿನವನ್ನೂ ಸುಣ್ಣವನ್ನೂ ನೀರಿನಲ್ಲಿ ಕಲಸಿದರೆ ಓಕುಳಿಯ ಕೆಂಪು ಬರುವುದನ್ನು ನೀವು ಮದುವೆಯ ಮನೆಗಳಲ್ಲಿ ಕಂಡಿರುವಿರಿ. ಅರಿಸಿನದಲ್ಲಿ ಆ ಕೆಂಪಿಲ್ಲ, ಸುಣ್ಣದಲ್ಲಿಯೂ ಇಲ್ಲ. ಎರಡೂ ಕೂಡಿದಾಗ ಮೂರನೆಯದೊಂದು ಹುಟ್ಟುತ್ತದೆ. ಗುರುತುಗಳ ಸ್ವಭಾವವೂ ಹೀಗೆಯೇ.

ಈ ಸಂಗತಿಗೆ ನ್ಯಾಯಶಾಸ್ತ್ರದಲ್ಲಿ ಒಂದು ಪ್ರಸಿದ್ಧ ಉದಾಹರಣೆಯುಂಟು. ಅಮೆರಿಕದ ಜನರಲ್ ಮೋಟರ್ಸ್ ಎಂಬ ಮೋಟಾರು ಕಂಪನಿಯ ಮೇಲೆ ಐವರು ಕಪ್ಪುವರ್ಣದ ಸ್ತ್ರೀಯರು ದಾವೆ ಹೂಡಿದರು. ಕಂಪನಿಯು 1964ಕ್ಕೆ ಮುಂಚೆ ಕಪ್ಪುವರ್ಣದ ಸ್ತ್ರೀಯರನ್ನು ಕೆಲಸಕ್ಕೆ ತೆಗೆದುಕೊಂಡಿರಲಿಲ್ಲ. ಮುಂದೆ ಕೆಲಸಗಾರರನ್ನು ಕಡಿಮೆ ಮಾಡುವ ಸಂದರ್ಭ ಬಂದಾಗ, ಕಡೆಯಲ್ಲಿ ಸೇರಿದವರನ್ನು ಮೊದಲು ತೆಗೆಯಲಾಯಿತು. ಆ ಪೆಟ್ಟು ಇವರ ಮೇಲೆಯೇ ಬಿದ್ದಿತು. ಸ್ತ್ರೀಯರಿಗೆ ಅಲ್ಲಿ ಮೊದಲಿನಿಂದಲೂ ಕೆಲಸವಿದ್ದಿತಲ್ಲ, ಎಂದಿತು ನ್ಯಾಯಾಲಯ. ಆದರೆ ಆ ಸ್ತ್ರೀಯರು ಬಿಳಿಯರು. ವರ್ಣದ ಮತ್ತು ಸ್ತ್ರೀತ್ವದ ದೂರುಗಳೆರಡನ್ನೂ ಕೂಡಿಸಿ ನೋಡಲು ನ್ಯಾಯಾಲಯವು 1976ರಲ್ಲಿ ಒಪ್ಪಲಿಲ್ಲ. ಕಿಂಬರ್ಲೆ ಕ್ರೆನ್‌ಶಾ ಎಂಬ ನ್ಯಾಯಶಾಸ್ತ್ರಜ್ಞೆಯು 1989ರಲ್ಲಿ ಈ ತೀರ್ಪನ್ನು ವಿಮರ್ಶಿಸುತ್ತ, ಇಂಥವರ ಸ್ಥಿತಿಯನ್ನು ರಸ್ತೆಗಳು ಕೂಡುವ ಚೌಕದಲ್ಲಿ ನಿಂತವರ ಸ್ಥಿತಿಗೆ ಹೋಲಿಸಿದರು. ಅಲ್ಲಿ ಯಾವ ದಿಕ್ಕಿನಿಂದಲಾದರೂ ವಾಹನ ಬಂದು ತಾಕಬಹುದು. ಕೆಲವು ವೇಳೆ ಎಲ್ಲ ದಿಕ್ಕುಗಳಿಂದಲೂ.

ಹಾಗೆಂದು ಈ ಕೂಡಿಕೆಯಿಂದ ಹಾನಿಯೇ ಆಗುವುದೆಂದು ತಿಳಿಯಬಾರದು. ಬೇಂದ್ರೆಯವರ ಮನೆಮಾತು ಮರಾಠಿ. ಅವರು 1944ರಿಂದ 1956ರವರೆಗೆ ಸೋಲಾಪುರದ ಕಾಲೇಜಿನಲ್ಲಿ ಕನ್ನಡವನ್ನು ಬೋಧಿಸಿದರು; 'ನಾಕುತಂತಿ'ಗಾಗಿ 1973ರ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದರು. ಮಾಸ್ತಿಯವರ ಮನೆಮಾತು ತಮಿಳು. 1938ರಲ್ಲಿ ನಮಗೆ ಸಮೀಪದ ಮಾಥೇರಾನಿನಲ್ಲಿ ಜನಿಸಿದ ಗಿರೀಶ ಕಾರ್ನಾಡರದು ಕೊಂಕಣಿ. ಒಂದೇ ಅಂಕಣದಲ್ಲಿ ಇವರನ್ನು ಹಿಡಿದಿಡುವುದು ಸಾಧ್ಯವೇ? ಕೂಡಿಕೆಯಲ್ಲಿ ಸಂಪತ್ತೂ ಉಂಟು, ಸಂಕಟವೂ ಉಂಟು. ಯಾರಿಗೆ ಯಾವುದು ಬಂದಿದೆಯೆಂಬುದನ್ನು ಅವರವರನ್ನು ಕೇಳಿಯೇ ತಿಳಿಯಬೇಕು.

ಆ ಹುಡುಗಿಯ ಪ್ರಗತಿಪತ್ರದಲ್ಲಿ ನಾವು ಬರೆದುದನ್ನು ಹೊಡೆದುಹಾಕಿದೆವು. ಮೊದಲ ತಾಸಿನಲ್ಲಿದ್ದ ಶುದ್ಧಬರಹವನ್ನು ಎರಡನೆಯ ತಾಸಿಗೆ ಬದಲಾಯಿಸಿದೆವು. ನೀರಿನ ಸಾಲಿನಲ್ಲಿ ವಾರಕ್ಕೆ ಮೂರು ದಿನ ನಿಲ್ಲಲು ಅವಳ ಅಣ್ಣನನ್ನೂ ಒಪ್ಪಿಸಿದೆವು. ಮೊದಲಿಗೆ ಅವನು ನಾಚಿಕೊಂಡನಾದರೂ, ನಾಚಿಕೆಯಿಂದ ಕೊಡವೇನೂ ಒಡೆಯಲಿಲ್ಲ! ಪ್ರವೇಶಪತ್ರದ ಬಾಲಕನನ್ನೂ ಕರೆದು, ಮಾತೃಭಾಷೆಯ ಅಂಕಣವನ್ನು ಅವನ ಕೈಯಿಂದಲೇ ತುಳುವೆಂದು ತಿದ್ದಿಸಿದೆವು. ಅದರಿಂದ ಅವನ ಕನ್ನಡಕ್ಕೆ ಯಾವ ಕೊರತೆಯೂ ಆಗಲಿಲ್ಲ. ಆ ವರ್ಷ ಕನ್ನಡ ಪ್ರಬಂಧದಲ್ಲಿ ತರಗತಿಗೆ ಮೊದಲಿಗನಾದವನು ಅವನೇ.

ವಿದ್ಯಾರ್ಥಿಗಳೇ, ನಿಮ್ಮ ಪಕ್ಕದ ಮಣೆಯ ಮೇಲೆ ಕುಳಿತವನು ತಡವಾಗಿ ಬಂದರೆ, ಮಾತು ತಡವರಿಸಿದರೆ, ಕೇಳಿದುದಕ್ಕೆ ಉತ್ತರಿಸದೆ ಸುಮ್ಮನಿದ್ದರೆ, ಅವನಿಗೆ ಒಂದು ಹೆಸರನ್ನು ಕಟ್ಟುವುದಕ್ಕೆ ಮುಂಚೆ ಬಳಿಗೆ ಕರೆದು ವಿಚಾರಿಸಿರಿ. ನಿಮ್ಮ ಶಿಕ್ಷಕರು ತಡವಾಗಿ ಕಲಿತ ಪಾಠವನ್ನು ನೀವು ಬೇಗನೆ ಕಲಿತರೆ ನಮಗೆ ಅದಕ್ಕಿಂತ ಸಂತೋಷ ಬೇರಿಲ್ಲ.