ತರಗತಿಯೊಳಗಿದ್ದೂ ಹೊರಗುಳಿದ ಮಕ್ಕಳು

ಆರು ವರ್ಷದ ಮಗುವೊಂದು ಒಂದನೆಯ ತರಗತಿಯಲ್ಲಿ ಕೂತಿದೆ. ಮುಂದೆ ಮೇಜಿದೆ, ಪುಸ್ತಕವಿದೆ, ಬಣ್ಣದ ಪೆನ್ಸಿಲುಗಳಿವೆ. ಶಿಕ್ಷಕಿಯೂ ಒಳ್ಳೆಯವರೇ. ಆದರೆ ಅವರಾಡುವ ಒಂದು ಮಾತೂ ಮಗುವಿಗೆ ತಿಳಿಯದು. ಪಕ್ಕದವರು ಪುಸ್ತಕ ತೆರೆದರೆ ಅದೂ ತೆರೆಯುತ್ತದೆ. ಅವರು ಎದ್ದು ನಿಂತರೆ ಅದೂ ನಿಲ್ಲುತ್ತದೆ. ಅವರು ನಕ್ಕರೆ, ಏಕೆಂದು ತಿಳಿಯದಿದ್ದರೂ, ತಾನೂ ನಗುತ್ತದೆ. ನೀರಡಿಕೆಯಾಗಿದೆ ಎನ್ನಲು ಬಾಯಲ್ಲಿ ಮಾತಿಲ್ಲ. ಹಾಜರಿ ಪುಸ್ತಕದಲ್ಲಿ ಮಾತ್ರ ದಿನವೂ ತಪ್ಪದೆ ‘ಹಾಜರ್’.

1970ರ ಸುಮಾರಿಗೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಸರ್ಕಾರಿ ಶಾಲೆಗಳಲ್ಲಿ ಇಂಥ ಮಕ್ಕಳು ಒಬ್ಬಿಬ್ಬರಲ್ಲ, ಸಾವಿರಗಟ್ಟಲೆ ಇದ್ದರು. ಎಲ್ಲರೂ ಚೀನೀ ಮನೆತನದವರು. ಚೀನಾದ ಕೂಲಿಗಳು ದೇಶದೊಳಕ್ಕೆ ಕಾಲಿಡದಂತೆ 1882ರಲ್ಲಿ ಬಾಗಿಲು ಹಾಕಿದ್ದ ಅಮೆರಿಕ, 1943ರಲ್ಲಿ ಅದನ್ನು ತೆರೆದಾಗಲೂ ವರ್ಷಕ್ಕೆ 105 ಜನ ಮಾತ್ರ ಎಂದು ಮಿತಿ ಹಾಕಿತ್ತು. 1965ರ ಹೊಸ ವಲಸೆ ಕಾಯಿದೆ ಬಂದ ಮೇಲೆ ಕುಟುಂಬಗಳು ಒಟ್ಟಾಗಿ ಬರತೊಡಗಿದವು. ಹಾಂಗ್‌ಕಾಂಗ್ ಹಾದು ಬಂದ ಇವರಲ್ಲಿ ಹೆಚ್ಚಿನವರ ಮನೆಮಾತು ಕ್ಯಾಂಟನೀಸ್. ನಗರದ ಚೈನಾಟೌನ್ ಬೀದಿಗಳಲ್ಲಿ ಅದೊಂದಿದ್ದರೆ ತರಕಾರಿ ಕೊಳ್ಳಬಹುದು, ಔಷಧ ಕೇಳಬಹುದು, ಕೂಲಿಯನ್ನೂ ಹುಡುಕಿಕೊಳ್ಳಬಹುದು. ಶಾಲೆಯ ಹೊಸ್ತಿಲು ದಾಟಿದೊಡನೆ ಮಾತ್ರ ಅದು ಚಲಾವಣೆಯಿಲ್ಲದ ನಾಣ್ಯ.

ಆಗಿನ ಲೆಕ್ಕದಂತೆ ಆ ನಗರದ ಶಾಲೆಗಳಲ್ಲಿ ಇಂಗ್ಲಿಷ್ ಬಾರದ ಚೀನೀ ಮಕ್ಕಳ ಸಂಖ್ಯೆ 2,856. ಅವರಲ್ಲಿ ಸುಮಾರು 1,000 ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಬೇರೆ ಪಾಠದ ಏರ್ಪಾಡಿತ್ತು. ಉಳಿದ 1,800 ಮಕ್ಕಳಿಗೆ ಏನೂ ಇರಲಿಲ್ಲ. ಕೂತು ಕೇಳಿಸಿಕೊಳ್ಳುತ್ತಿದ್ದರೆ ತಾನಾಗಿ ಬಂದೀತು ಎಂಬುದು ಅಧಿಕಾರಿಗಳ ಎಣಿಕೆಯಾಗಿದ್ದಿರಬೇಕು.

ಇನ್ನು ಕಾನೂನಿನ ಚೋದ್ಯ ನೋಡಿ. ಆರರಿಂದ ಹದಿನಾರು ವಯಸ್ಸಿನ ಮಕ್ಕಳು ಶಾಲೆಗೆ ಬರಲೇಬೇಕೆಂದು ಕ್ಯಾಲಿಫೋರ್ನಿಯಾ ರಾಜ್ಯದ ಕಾನೂನು ವಿಧಿಸಿತ್ತು. ಹನ್ನೆರಡನೆಯ ತರಗತಿ ಮುಗಿಸಿ ಪ್ರಮಾಣಪತ್ರ ಪಡೆಯಲು ಇಂಗ್ಲಿಷಿನಲ್ಲಿ ಪರಿಣತಿ ಇರಲೇಬೇಕೆಂದೂ ಅದೇ ಕಾನೂನು ಹೇಳುತ್ತಿತ್ತು. ಆ ಇಂಗ್ಲಿಷನ್ನು ಕಲಿಸುವ ಹೊಣೆ ಯಾರದು ಎಂಬಲ್ಲಿಗೆ ಬಂದಾಗ ಮಾತ್ರ ಮೌನ.

ಒಂದೇ ಪುಸ್ತಕ, ಒಂದೇ ಬೆಂಚು

1970ರ ಮಾರ್ಚ್‌ನಲ್ಲಿ ಕೆಲವು ಚೀನೀ ಕುಟುಂಬಗಳು ನ್ಯಾಯಾಲಯದ ಮೆಟ್ಟಿಲೇರಿದವು. ಲಾವ್ ಎಂಬ ಮನೆತನದ ಪುಟ್ಟ ಹುಡುಗನೊಬ್ಬನ ಹೆಸರು ದಾವೆಯಲ್ಲಿ ಮೊದಲು ಬಂದಿದ್ದರಿಂದ, ಇದು ಅಮೆರಿಕದ ಶಿಕ್ಷಣದ ಇತಿಹಾಸದಲ್ಲಿ ‘ಲಾವ್ ವಿರುದ್ಧ ನಿಕೊಲ್ಸ್’ ಎಂದೇ ಉಳಿಯಿತು. ನಿಕೊಲ್ಸ್ ಎಂದರೆ ಆಗಿನ ಶಾಲಾ ಮಂಡಳಿಯ ಅಧ್ಯಕ್ಷರು.

ಕೆಳಗಿನ ಕೋರ್ಟಿನಲ್ಲಿ ಮಕ್ಕಳು ಸೋತರು. ಮೇಲ್ಮನವಿ ಕೋರ್ಟಿನಲ್ಲೂ ಸೋತರು. ಚೀನೀ ಮಗುವಿಗೂ ಬಿಳಿಯರ ಮಗುವಿಗೂ ಕೊಟ್ಟ ಪುಸ್ತಕ ಒಂದೇ, ಬೆಂಚು ಒಂದೇ, ಶಿಕ್ಷಕರೂ ಒಬ್ಬರೇ. ಇಲ್ಲಿ ಭೇದಭಾವ ಎಲ್ಲಿ ಬಂತು ಎಂಬುದು ವಾದ. ಓಟದ ಗೆರೆಗೆ ಬಂದು ನಿಲ್ಲುವಾಗ ಪ್ರತಿ ಮಗುವೂ ತನ್ನ ಮನೆಯ ಅನುಕೂಲ ಅನನುಕೂಲಗಳನ್ನು ಹೊತ್ತೇ ಬರುತ್ತದೆ, ಅದಕ್ಕೆ ಶಾಲೆ ಹೊಣೆಯಲ್ಲ ಎಂಬರ್ಥದ ಮಾತನ್ನು ಮೇಲ್ಮನವಿ ನ್ಯಾಯಾಲಯ ಆಡಿತು. ಮೇಲುನೋಟಕ್ಕೆ ಸರಿ ಎನಿಸುವ ಮಾತೇ. ಊಟಕ್ಕೆ ಕರೆದು ಕೊಕ್ಕರೆಗೂ ನರಿಗೂ ಒಂದೇ ತಟ್ಟೆ ಇಟ್ಟ ಕಥೆಯನ್ನು ಚಿಕ್ಕಂದಿನಲ್ಲಿ ಕೇಳಿದವರಿಗೆ ಇದರ ಮರ್ಮ ಬೇಗ ತಿಳಿದೀತು.

ಸುಪ್ರೀಂ ಕೋರ್ಟಿನ ತೀರ್ಪು 1974ರ ಜನವರಿ 21ರಂದು ಹೊರಬಂತು. ಒಂಬತ್ತು ನ್ಯಾಯಮೂರ್ತಿಗಳೂ ಮಕ್ಕಳ ಪರ. ಒಂದೇ ಕಟ್ಟಡ, ಒಂದೇ ಪುಸ್ತಕ, ಒಂದೇ ಪಠ್ಯಕ್ರಮ ಕೊಟ್ಟ ಮಾತ್ರಕ್ಕೆ ಸಮಾನತೆ ಆಗುವುದಿಲ್ಲ. ಇಂಗ್ಲಿಷ್ ತಿಳಿಯದ ಮಗುವಿಗೆ ಅರ್ಥಪೂರ್ಣ ಶಿಕ್ಷಣದ ಬಾಗಿಲು ಮುಚ್ಚಿದಂತೆಯೇ ಎಂದು ತೀರ್ಪು ಬರೆದ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಹೇಳಿದರು. ಶಾಲೆಯಲ್ಲಿ ಕಲಿಯಬೇಕಾದದ್ದನ್ನು ಮೊದಲೇ ಕಲಿತು ಬಾ ಎನ್ನುವುದು ಸಾರ್ವಜನಿಕ ಶಿಕ್ಷಣದ ಅಣಕ ಎಂಬುದು ಅವರ ನಿಲುವು. ಆದರೆ ಹೇಗೆ ಕಲಿಸಬೇಕೆಂದು ಕೋರ್ಟ್ ಹೇಳಲಿಲ್ಲ. ಮಕ್ಕಳ ತಾಯ್ನುಡಿಯಲ್ಲಿ ಕಲಿಸುವುದೂ ಒಂದು ದಾರಿ, ಇಂಗ್ಲಿಷನ್ನೇ ಬೇರೆಯಾಗಿ ಕಲಿಸುವುದೂ ಒಂದು ದಾರಿ, ಬೇರೆಯವೂ ಇರಬಹುದು ಎಂದು ಬಿಟ್ಟಿತು. ಜಗಳವೆಲ್ಲ ಹುಟ್ಟಿದ್ದು ಅಲ್ಲಿಂದ ಮುಂದೆ.

ನಾಲಿಗೆಯ ಪಾಡು

ಅಷ್ಟಕ್ಕೂ ಕ್ಯಾಂಟನೀಸ್ ಮಾತಿನವರಿಗೆ ಇಂಗ್ಲಿಷ್ ಏಕೆ ಕಬ್ಬಿಣದ ಕಡಲೆ? ಅವರ ಭಾಷೆಯಲ್ಲಿ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. ‘ನಿನ್ನೆ’ ಎಂದೋ ‘ನಾಳೆ’ ಎಂದೋ ಹೇಳಿದರೆ ಕಾಲ ತಿಳಿಯಿತು. ‘ಗೋ’ ಹೋಗಿ ‘ವೆಂಟ್’ ಆಗುವ ಗೊಂದಲವಿಲ್ಲ. ಒಂದು ಪುಸ್ತಕಕ್ಕೂ ಹತ್ತು ಪುಸ್ತಕಕ್ಕೂ ನಾಮಪದ ಒಂದೇ. ಅವನು, ಅವಳು, ಅದು ಎಂಬ ಮೂರಕ್ಕೂ ಆಡುಮಾತಿನಲ್ಲಿ ಒಂದೇ ಸರ್ವನಾಮ. ಹೀಗಾಗಿ ಇಂಗ್ಲಿಷಿನಲ್ಲಿ ತನ್ನ ತಾಯಿಯನ್ನೇ ‘ಹಿ’ ಎಂದು ಕರೆದು ನಗೆಗೀಡಾಗುವುದು ಅಪರೂಪವಲ್ಲ. ‘ನ’ ಮತ್ತು ‘ಲ’ ಅನೇಕರ ಬಾಯಲ್ಲಿ ಒಂದಾಗಿರುವುದರಿಂದ ‘ನೈಟ್’ ಎನ್ನಲು ಹೋದರೆ ‘ಲೈಟ್’ ಬರುತ್ತದೆ. ‘ಟೆಕ್ಸ್ಟ್ಸ್’ ಎಂಬಂಥ, ವ್ಯಂಜನಗಳು ಒಂದರ ಮೇಲೊಂದು ಬಿದ್ದ ಪದಗಳಂತೂ ಬೇಡವೇ ಬೇಡ.

ಕನ್ನಡಿಗರು ನಗಬೇಕಾಗಿಲ್ಲ. ‘ವೆಸ್ಟ್’ ಎಂದಾಗ ಪಶ್ಚಿಮ ದಿಕ್ಕೋ ತೊಡುವ ಅಂಗಿಯೋ ಎಂದು ಇಂಗ್ಲಿಷರು ಕೇಳಿದರೆ ಇಲ್ಲಿನವರ ಕಿವಿಗೆ ಎರಡೂ ಒಂದೇ. ಹಳ್ಳಿಯ ಬಾಯಲ್ಲಿ ಸ್ಕೂಲು ‘ಇಸ್ಕೂಲು’ ಆದದ್ದೂ ಇದೇ ನಾಲಿಗೆಯ ಕಷ್ಟದಿಂದ. ‘ಎ’, ‘ದಿ’ ಎಂಬೆರಡು ಪುಟ್ಟ ಪದಗಳನ್ನು ಎಲ್ಲಿಡಬೇಕು, ಎಲ್ಲಿ ಬಿಡಬೇಕು ಎಂಬುದು ಎಂ.ಎ. ಮುಗಿಸಿದವರನ್ನೂ ಕಾಡುತ್ತದೆ. ಕನ್ನಡದಲ್ಲಿ ಬರೆದಂತೆ ಓದುವ ಅಭ್ಯಾಸವಿದ್ದವರಿಗೆ ದೋ, ಥ್ರೂ, ಟಫ್, ಕಾಫ್ ಎಂಬ ನಾಲ್ಕು ಪದಗಳ ಕೊನೆಯಲ್ಲೂ ಅವೇ ನಾಲ್ಕು ಅಕ್ಷರಗಳಿವೆ ಎಂದರೆ ತಲೆ ತಿರುಗುವುದು ಸಹಜ. ಆದರೆ ಇಲ್ಲಿಯ ಹುಡುಗನಿಗೆ ಶಾಲೆ ಬಿಟ್ಟರೆ ಕನ್ನಡದ ಬೀದಿಯಿದೆ. ವಲಸೆ ಹೋದ ಮಗುವಿಗೆ ಬೀದಿಯೂ ಇಂಗ್ಲಿಷಿನದೇ.

ಆಟದ ಬಯಲಿನ ಇಂಗ್ಲಿಷ್, ಪುಸ್ತಕದ ಇಂಗ್ಲಿಷ್

ಮೊದಲ ಕೆಲವು ತಿಂಗಳು ಇಂಥ ಎಷ್ಟೋ ಮಕ್ಕಳು ಬಾಯಿಯನ್ನೇ ಬಿಡುವುದಿಲ್ಲ. ಮಗು ಮಂಕಾಯಿತೆಂದು ತಾಯಿ ಗಾಬರಿಯಾಗುತ್ತಾಳೆ. ಅದು ಮಂಕಲ್ಲ, ಕಿವಿ ದುಡಿಯುತ್ತಿರುವ ಕಾಲ. ಆಮೇಲೆ ಒಂದು ದಿನ ಚೆಂಡಾಟದ ನಡುವೆ ಮಾತು ಚಿಮ್ಮುತ್ತದೆ. ಎರಡು ವರ್ಷ ಕಳೆಯುವಷ್ಟರಲ್ಲಿ ಓರಗೆಯವರೊಡನೆ ಅರಳು ಹುರಿದಂತೆ ಮಾತಾಡುವ ಮಗುವನ್ನು ನೋಡಿ ಮನೆಯವರು ಹಿಗ್ಗುತ್ತಾರೆ. ಇನ್ನು ಚಿಂತೆಯಿಲ್ಲ ಎಂದು ಶಾಲೆಯವರೂ ಕೈತೊಳೆದುಕೊಳ್ಳುತ್ತಾರೆ.

ಮೋಸ ಹೋಗುವುದು ಇಲ್ಲೇ. ಕೆನಡಾದ ಶಿಕ್ಷಣ ತಜ್ಞ ಜಿಮ್ ಕಮಿನ್ಸ್ ಟೊರಾಂಟೊ ನಗರದ ವಲಸಿಗ ಮಕ್ಕಳ ಅಂಕಗಳನ್ನು ಪರಿಶೀಲಿಸಿ 1981ರಲ್ಲಿ ತೋರಿಸಿದ್ದು ಇದನ್ನೇ. ಆಡುಮಾತಿನ ಇಂಗ್ಲಿಷಿಗೆ ಸುಮಾರು ಎರಡು ವರ್ಷ ಸಾಕು. ಪಾಠದ ಇಂಗ್ಲಿಷಿನಲ್ಲಿ ಅಲ್ಲೇ ಹುಟ್ಟಿ ಬೆಳೆದ ಮಕ್ಕಳ ಸಮಕ್ಕೆ ಬರಲು ಐದರಿಂದ ಏಳು ವರ್ಷ ಬೇಕು. ಆಟದ ಬಯಲಿನಲ್ಲಿ ಮಾತಿಗೆ ಕೈಸನ್ನೆ, ಮುಖಭಾವ, ಎದುರಿಗಿರುವ ಚೆಂಡು ಎಲ್ಲವೂ ಆಸರೆ. ಪುಸ್ತಕದ ಪುಟದಲ್ಲಿ ಅಕ್ಷರ ಬಿಟ್ಟರೆ ಇನ್ನೇನಿದೆ? ಹಾಂಗ್‌ಕಾಂಗಿನಲ್ಲಿ ಲೆಕ್ಕದಲ್ಲಿ ಮುಂದಿದ್ದ ಹುಡುಗ ಇಲ್ಲಿ ವಾಕ್ಯರೂಪದ ಲೆಕ್ಕ ಬಂದೊಡನೆ ತಡವರಿಸುತ್ತಾನೆ. ಗುಣಾಕಾರ ಬರುತ್ತದೆ, ‘ಟೇಬಲ್’ ಎಂದರೆ ಊಟದ ಮೇಜಲ್ಲ, ಮಗ್ಗಿ ಎಂಬುದು ಬರುವುದಿಲ್ಲ. ಸಾಲದ್ದಕ್ಕೆ, ಇವನು ಕಲಿಯುವವರೆಗೆ ಜೊತೆಯ ಮಕ್ಕಳು ಕಾದು ನಿಲ್ಲುವುದಿಲ್ಲ. ಅವರೂ ವರ್ಷದಿಂದ ವರ್ಷಕ್ಕೆ ಮುಂದೆ ಸಾಗುತ್ತಾರೆ.

ಮಾತು ಸರಾಗವಾಗಿದೆ, ಅಂಕ ಬರುತ್ತಿಲ್ಲ. ಅಂದಮೇಲೆ ಹುಡುಗ ದಡ್ಡನಿರಬೇಕು ಎಂಬ ತೀರ್ಮಾನಕ್ಕೆ ಬಂದು, ಇಂಥ ಮಕ್ಕಳ ಬುದ್ಧಿಮಟ್ಟವನ್ನು ಇಂಗ್ಲಿಷಿನಲ್ಲೇ ಅಳೆದು, ಕಲಿಕೆಯ ಕೊರತೆಯುಳ್ಳವರ ಸಾಲಿಗೆ ಸೇರಿಸಿದ ಪ್ರಸಂಗಗಳನ್ನೂ ಕಮಿನ್ಸ್ ಗುರುತಿಸಿದ್ದರು. ಮನೆಮಾತಿನಲ್ಲಿ ಗಟ್ಟಿಯಾಗಿ ಕಲಿತದ್ದು ಹೊಸ ಭಾಷೆಗೂ ದಾಟಿಬರುತ್ತದೆ ಎಂಬುದು ಅವರ ಇನ್ನೊಂದು ಮುಖ್ಯ ಮಾತು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಸೇರಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ‘ಫೋಟೊಸಿಂಥೆಸಿಸ್’ ಎಂಬ ಪದ ಮೊದಲ ದಿನ ಬೆದರಿಸುತ್ತದೆ. ಅದು ತಾನು ಬಲ್ಲ ದ್ಯುತಿಸಂಶ್ಲೇಷಣೆಯೇ ಎಂದು ಗೊತ್ತಾದ ಕೂಡಲೇ ಉಳಿಯುವುದು ಹೆಸರು ಕಲಿಯುವ ಕೆಲಸ ಮಾತ್ರ. ದ್ಯುತಿಸಂಶ್ಲೇಷಣೆಯನ್ನೂ ಅರಿಯದವನ ಕಷ್ಟ ಬೇರೆ.

ತಾಯ್ನುಡಿಯ ತರಗತಿಗಳೆಲ್ಲವೂ ಚೆನ್ನಾಗಿ ನಡೆದವೆಂದಲ್ಲ. 1996ರಲ್ಲಿ ಲಾಸ್ ಏಂಜಲೀಸಿನ ಸ್ಪ್ಯಾನಿಷ್ ಮಾತಿನ ತಂದೆತಾಯಂದಿರು, ತಮ್ಮ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿಲ್ಲವೆಂದು ಅವರನ್ನು ಶಾಲೆಗೆ ಕಳಿಸದೆ ಪ್ರತಿಭಟಿಸಿದರು. ಅವರ ಸಿಟ್ಟಿಗೂ ಕಾರಣವಿತ್ತು. ಎರಡು ವರ್ಷಗಳ ತರುವಾಯ, 1998ರಲ್ಲಿ, ಕ್ಯಾಲಿಫೋರ್ನಿಯಾದ ಮತದಾರರು 227ನೇ ಪ್ರಸ್ತಾವವನ್ನು ಗೆಲ್ಲಿಸಿ ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ಕಲಿಸುವ ಪದ್ಧತಿ ತಂದರು. ಹೊಸಬರಿಗಾಗಿ ಇದ್ದ ಪ್ರತ್ಯೇಕ ತರಗತಿಯ ಅವಧಿ ಸಾಮಾನ್ಯವಾಗಿ ಒಂದು ವರ್ಷ ಮೀರಬಾರದಿತ್ತು. ಐದರಿಂದ ಏಳು ವರ್ಷದ ಕೆಲಸಕ್ಕೆ ಒಂದು ವರ್ಷ! ಹದಿನೆಂಟು ವರ್ಷ ಕಳೆದು, 2016ರಲ್ಲಿ, ಅದೇ ರಾಜ್ಯದ ಮತದಾರರು ಆ ಕಟ್ಟನ್ನು ಸಡಿಲಿಸಿದರು. ಅಷ್ಟರಲ್ಲಿ ಒಂದು ಪೀಳಿಗೆಯೇ ಶಾಲೆ ಮುಗಿಸಿ ಹೊರಬಿದ್ದಿತ್ತು.

ಮನೆಯ ದುಭಾಷಿ

ಮಕ್ಕಳಿಗೆ ಮೊದಲು ಇಂಗ್ಲಿಷ್ ಬಂದರೆ ಮನೆಯಲ್ಲಿ ಇನ್ನೊಂದು ಬಗೆಯ ಏರುಪೇರು. ಮನೆ ಮಾಲೀಕ ಬಾಡಿಗೆ ಕೇಳಲು ಬಂದಾಗ, ವಿದ್ಯುತ್ ಬಿಲ್ಲು ತಪ್ಪಾಗಿ ಬಂದಾಗ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಹತ್ತು ವರ್ಷದ ಮಗಳೇ ದುಭಾಷಿ. ದೊಡ್ಡವರ ಮಾತಿನ ನಡುವೆ ಬಾಯಿ ಹಾಕಬಾರದೆಂದು ಕಲಿಸಿದ ಮನೆಯಲ್ಲಿ ದೊಡ್ಡವರ ಬಾಯೇ ಅವಳಾಗುತ್ತಾಳೆ. ಕೆಲವು ಸಂದರ್ಭಗಳಲ್ಲಿ ಇದು ತಮಾಷೆ. ಶಿಕ್ಷಕಿ ದೂರು ಹೇಳುತ್ತಿದ್ದರೆ, ‘ನಾನು ಬಹಳ ಜಾಣೆಯಂತೆ’ ಎಂದು ಅನುವಾದಿಸುವ ಅವಕಾಶ ಬೇರೆ ಯಾರಿಗುಂಟು? ಆದರೆ ತಾಯಿಯ ಹೊಟ್ಟೆಯ ಗಡ್ಡೆಯ ಬಗ್ಗೆ ವೈದ್ಯರು ಹೇಳಿದ್ದನ್ನು ತಾಯಿಗೆ ತಿಳಿಸುವ ಹೊರೆಯೂ ಅವಳದೇ. ಹೇಳಲು ಧೈರ್ಯ ಸಾಲದೆ ಅರ್ಧ ನುಂಗಿಕೊಂಡರೆ ಕೇಳುವವರಿಲ್ಲ.

ಒಂದು ಪದದ ತಪ್ಪು ಏನು ಮಾಡಬಲ್ಲದು ಎಂಬುದಕ್ಕೆ 1980ರಲ್ಲಿ ಫ್ಲಾರಿಡಾದಲ್ಲಿ ನಡೆದ ಘಟನೆಯನ್ನು ಅಲ್ಲಿನ ವೈದ್ಯರು ಇಂದಿಗೂ ನೆನೆಯುತ್ತಾರೆ. ಪ್ರಜ್ಞೆ ತಪ್ಪಿದ ಹದಿನೆಂಟರ ತರುಣನನ್ನು ಕರೆತಂದ ಕ್ಯೂಬಾ ಮೂಲದ ಮನೆಯವರು ‘ಇಂಟೊಕ್ಸಿಕಾಡೊ’ ಎಂದರು. ತಿಂದದ್ದೋ ಕುಡಿದದ್ದೋ ಆಗಿಬರದೆ ಕಾಯಿಲೆ ಬಿದ್ದಿದ್ದಾನೆ ಎಂದು ಅವರ ಅಭಿಪ್ರಾಯ. ಆಸ್ಪತ್ರೆಯವರ ಕಿವಿಗೆ ಅದು ಇಂಗ್ಲಿಷಿನ ‘ಇಂಟಾಕ್ಸಿಕೇಟೆಡ್’ ಆಗಿ, ಮಾದಕ ವಸ್ತು ಸೇವಿಸಿದವನೆಂದು ಚಿಕಿತ್ಸೆ ನಡೆಯಿತು. ನಿಜಕ್ಕೂ ಮೆದುಳಿನಲ್ಲಿ ರಕ್ತಸ್ರಾವವಾಗುತ್ತಿತ್ತು. ಅದು ತಿಳಿಯುವ ಹೊತ್ತಿಗೆ ತಡವಾಗಿ, ತರುಣನ ಕೈಕಾಲುಗಳು ಶಾಶ್ವತವಾಗಿ ಸ್ವಾಧೀನ ತಪ್ಪಿದವು. ತರಬೇತಿ ಪಡೆದ ದುಭಾಷಿಯನ್ನು ಯಾರೂ ಕರೆಸಿರಲಿಲ್ಲ. ಎರಡೂ ಪದಗಳು ಅಕ್ಕತಂಗಿಯರಂತೆ ಕಾಣುವುದರಿಂದ ಕರೆಸಬೇಕೆಂದು ಯಾರಿಗೂ ತೋಚಿರಲೂ ಇಲ್ಲ. ತುರ್ತು ಸಂದರ್ಭ ಬಿಟ್ಟರೆ ಆಸ್ಪತ್ರೆಗಳು ಎಳೆಯ ಮಕ್ಕಳನ್ನು ದುಭಾಷಿಗಳಾಗಿ ನೆಚ್ಚಬಾರದೆಂಬ ನಿಯಮ ಅಮೆರಿಕದಲ್ಲಿ ಬಂದದ್ದು 2016ರಲ್ಲಿ.

ಹೊಲಿಗೆ ಯಂತ್ರ ನಿಂತ ಮೇಲೆ

ಹಾಗಾದರೆ ತಂದೆತಾಯಿ ಇಂಗ್ಲಿಷ್ ಕಲಿಯಬಾರದೇ ಎಂದು ಕೇಳುವುದು ಸುಲಭ. ಚೈನಾಟೌನಿನ ಎಷ್ಟೋ ತಾಯಂದಿರು ದಶಕಗಳ ಕಾಲ ದುಡಿದದ್ದು ಹೊಲಿಗೆ ಅಂಗಡಿಗಳಲ್ಲಿ. ಹೊಲಿದ ತುಂಡಿಗೆ ಇಷ್ಟೆಂದು ಕೂಲಿ. ಗಂಡಸರು ಹೋಟೆಲಿನ ಅಡುಗೆಮನೆಯಲ್ಲಿ. ಎರಡು ಕಡೆಯೂ ಇಂಗ್ಲಿಷಿನ ಅಗತ್ಯ ಬೀಳುವುದಿಲ್ಲ. ಬೇರೆ ಕೆಲಸಕ್ಕೆ ಇಂಗ್ಲಿಷ್ ಬೇಕು. ಕಲಿಯಲು ಬಿಡುವು ಬೇಕು. ಬಿಡುವು ಮಾಡಿಕೊಂಡರೆ ಆ ದಿನದ ತುಂಡಿನ ಕೂಲಿ ಹೋಯಿತು. ಸ್ಯಾನ್ ಫ್ರಾನ್ಸಿಸ್ಕೊದ ಸಿಟಿ ಕಾಲೇಜು ವಯಸ್ಕ ವಲಸಿಗರಿಗೆ ಶುಲ್ಕವಿಲ್ಲದೆ ಇಂಗ್ಲಿಷ್ ಕಲಿಸುತ್ತ ಬಂದಿದೆ. ಶುಲ್ಕವಿಲ್ಲ ನಿಜ, ದಣಿವಿಗೆ ರಿಯಾಯಿತಿ ಇಲ್ಲ. ಊರಿನಲ್ಲಿ ಮೇಷ್ಟರಾಗಿದ್ದವರು ಇಲ್ಲಿ ‘ದಿಸ್ ಈಸ್ ಎ ಪೆನ್’ ಎಂದು ಮಕ್ಕಳಂತೆ ರಾಗ ಎಳೆಯಬೇಕು. ಈ ಮುಜುಗರಕ್ಕೇ ಎಷ್ಟೋ ಜನ ಎರಡನೆಯ ವಾರ ಬರುವುದಿಲ್ಲ.

ಎಂಜಿನಿಯರಿಂಗ್ ಪದವಿಯ ಜೊತೆಗೆ ಇಂಗ್ಲಿಷನ್ನೂ ಗಂಟು ಕಟ್ಟಿಕೊಂಡು ಹೋದ ಕನ್ನಡಿಗರಿಗೆ ಈ ಪಾಡಿಲ್ಲ. ಆದರೆ ಮಗನ ಮನೆಗೆಂದು ಹೋಗಿ ಅಲ್ಲೇ ನೆಲೆ ನಿಂತ ತಾಯಿಗೆ ಇದೆ. ಅಮೆರಿಕದ ಪೌರತ್ವ ಬೇಕೆಂದರೆ ಇಂಗ್ಲಿಷಿನಲ್ಲಿ ಮಾತಾಡುವುದರ ಜೊತೆಗೆ, ಮೂರು ವಾಕ್ಯಗಳಲ್ಲಿ ಒಂದನ್ನಾದರೂ ಸರಿಯಾಗಿ ಓದಬೇಕು, ಮೂರರಲ್ಲಿ ಒಂದನ್ನಾದರೂ ಸರಿಯಾಗಿ ಬರೆಯಬೇಕು. ಕಾಯಂ ನಿವಾಸಿಯಾಗಿ 20 ವರ್ಷ ಕಳೆದ 50 ದಾಟಿದವರಿಗೂ, 15 ವರ್ಷ ಕಳೆದ 55 ದಾಟಿದವರಿಗೂ ಇಂಗ್ಲಿಷಿನಿಂದ ವಿನಾಯಿತಿಯಿದೆ. ನಾಗರಿಕ ವಿಷಯಗಳ ಪ್ರಶ್ನೆಗಳಿಗೆ ತಮ್ಮ ಭಾಷೆಯಲ್ಲೇ ಉತ್ತರಿಸಬಹುದು. ಅರವತ್ತಕ್ಕೆ ಹೋಗಿ ಕಾಯಂ ನಿವಾಸಿಯಾದ ಅಜ್ಜಿ ಈ ವಿನಾಯಿತಿ ಪಡೆಯುವಾಗ ಎಪ್ಪತ್ತೈದು.

ಸಂಜೆಯ ತರಗತಿಗೆ ಬಿಡದೆ ಬರುವವರು ತರುವ ಚೀಲದಲ್ಲಿ ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ ಇರುವುದು ಮನೆಗೆ ಬಂದ ಕಾಗದಗಳು: ಬಿಲ್ಲು, ಬಾಡಿಗೆಯ ನೋಟಿಸು, ಮಕ್ಕಳ ಶಾಲೆಯ ಚೀಟಿ. ಪಾಠ ಮುಗಿದ ಮೇಲೆ ಶಿಕ್ಷಕಿಯ ಮೇಜಿನ ಸುತ್ತ ಅವು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಪ್ರವಾಸದ ದಿನ ಮಗುವಿನೊಡನೆ ಊಟದ ಡಬ್ಬಿ ಕಳಿಸಬೇಕೋ ಬೇಡವೋ ಎಂದು ಕೇಳಿ, ಉತ್ತರ ತಿಳಿದುಕೊಂಡು, ಚೀಟಿಯನ್ನು ಇನ್ನೊಮ್ಮೆ ಬೆರಳಿಟ್ಟು ತಾನೇ ಓದಿ, ಆಮೇಲೆ ಅದರಡಿ ಸಹಿ ಹಾಕುವವರು ಅಲ್ಲಿ ಪ್ರತಿ ವರ್ಷವೂ ಇರುತ್ತಾರೆ.