ಚೌಕದ ತೂತು, ದುಂಡನೆಯ ಬಿಸಿಲು

ಜೋಯಿಡಾದ ಕಾಡುದಾರಿಯಲ್ಲಿ ನಡುಹಗಲು ನಡೆದರೆ ನೆಲದ ತುಂಬ ದುಂಡನೆಯ ಬಿಸಿಲ ಚುಕ್ಕೆಗಳು. ತಲೆಯೆತ್ತಿ ನೋಡಿದರೆ ಮತ್ತಿ, ಬಿದಿರುಗಳ ಎಲೆಗಳ ನಡುವಿನ ಸಂದು ಒಂದೂ ದುಂಡಗಿಲ್ಲ. ಹಳಿಯಾಳದ ಕಡೆಯ ಹಂಚಿನ ಮನೆಗಳಲ್ಲೂ ಹಾಗೆಯೇ. ಒಡೆದ ಹಂಚಿನ ಸಂದು ಅಂಕುಡೊಂಕು. ಅಲ್ಲಿಂದ ಒಲೆಯ ಹೊಗೆಯೊಳಗೆ ನೆಟ್ಟಗೆ ಇಳಿದ ಬಿಸಿಲುಕೋಲು ನೆಲ ಮುಟ್ಟಿದಾಗ ದುಂಡು. ತೂತಿಗೆ ಇಲ್ಲದ ಆಕಾರ ಬೆಳಕಿಗೆ ಎಲ್ಲಿಂದ ಬಂತು?

ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗಲು ಎರಡು ಸಾವಿರ ವರ್ಷಗಳೇ ಹಿಡಿದವು. ಅರಿಸ್ಟಾಟಲ್‌ನ ಹೆಸರಿನಲ್ಲಿ ಉಳಿದುಬಂದ ‘ಪ್ರಾಬ್ಲಮ್ಸ್’ ಗ್ರಂಥದಲ್ಲಿ ಇದನ್ನು ಕೇಳಲಾಗಿದೆ: ಹೆಣಿಗೆಯ ಚೌಕ ಕಿಂಡಿಗಳಿಂದ ಬಂದ ಬಿಸಿಲು ಯಾಕೆ ದುಂಡಗೆ ಬೀಳುತ್ತದೆ? ಗ್ರಹಣದ ದಿನ ಮರದೆಲೆಗಳ ಕೆಳಗೆ ಅದೇ ಚುಕ್ಕೆಗಳು ಯಾಕೆ ಕುಡುಗೋಲಿನ ಆಕಾರ ತಾಳುತ್ತವೆ?

ಉತ್ತರದ ಅರ್ಧ ಸಿಕ್ಕಿದ್ದು ಹನ್ನೊಂದನೆಯ ಶತಮಾನದ ಕೈರೋದಲ್ಲಿ. ಬಸ್ರಾದಲ್ಲಿ ಹುಟ್ಟಿದ ಇಬ್ನ್ ಅಲ್-ಹೈಥಮ್ ಬೆಳಕಿನ ಬಗ್ಗೆ ಬರಿದೆ ವಾದಿಸಲಿಲ್ಲ, ಪರೀಕ್ಷೆ ಮಾಡಿದ. ಕತ್ತಲ ಕೋಣೆಯ ತೂತಿನಾಚೆ ಹಲವು ದೀಪಗಳನ್ನು ಬೇರೆಬೇರೆ ಜಾಗದಲ್ಲಿ ಇಟ್ಟ. ಒಳಗೆ ದೀಪಕ್ಕೊಂದರಂತೆ ಬೆಳಕಿನ ಮಚ್ಚೆ ಮೂಡಿತು. ಒಂದು ದೀಪವನ್ನು ಮರೆಮಾಡಿದರೆ ಅದರ ಎದುರಿನ ಮಚ್ಚೆಯಷ್ಟೇ ಮಾಯ. ಅಂದರೆ ಪ್ರತಿ ದೀಪದ ಬೆಳಕೂ ತನ್ನದೇ ನೇರ ದಾರಿಯಲ್ಲಿ ಸಾಗುತ್ತದೆ, ಒಂದೇ ತೂತಿನಲ್ಲಿ ಹಾದುಹೋದರೂ ಒಂದರೊಳಗೊಂದು ಕಲಸಿಹೋಗುವುದಿಲ್ಲ. ಹಂಪಿಯ ವಿರೂಪಾಕ್ಷ ದೇಗುಲದ ಕತ್ತಲ ಕೋಣೆಯಲ್ಲಿ ಒಂಬತ್ತು ನೆಲೆಯ ಗೋಪುರ ತಲೆಕೆಳಗಾಗಿ ಮೂಡುವುದೂ ಇದೇ ಕಾರಣಕ್ಕೆ. ಕಳಸದಿಂದ ಹೊರಟ ಬೆಳಕು ಕಿಂಡಿಯ ಮೂಲಕ ನೇರ ಇಳಿದು ಗೋಡೆಯ ಕೆಳಭಾಗಕ್ಕೆ ತಾಗುತ್ತದೆ. ಬುಡದಿಂದ ಹೊರಟದ್ದು ಮೇಲೇರುತ್ತದೆ.

ಉಳಿದರ್ಧಕ್ಕೆ ನೆವವಾದದ್ದು ಒಂದು ಗ್ರಹಣ. ಸೂರ್ಯಗ್ರಹಣದ ಬಿಂಬವನ್ನು ಸಣ್ಣ ತೂತಿನ ಮೂಲಕ ಮೂಡಿಸಿ ಅಳೆದಾಗ ಚಂದ್ರ ಇರಬೇಕಾದುದಕ್ಕಿಂತ ಚಿಕ್ಕದಾಗಿ ಕಾಣುತ್ತದೆಂದು ಖಗೋಳ ವಿಜ್ಞಾನಿ ಟೈಕೊ ಬ್ರಾಹೆ ಗಮನಿಸಿದ್ದ. 1600ರ ಜುಲೈ 10ರಂದು ಇನ್ನೊಬ್ಬ ಖಗೋಳ ವಿಜ್ಞಾನಿ ಯೊಹಾನೆಸ್ ಕೆಪ್ಲರ್ ಆಸ್ಟ್ರಿಯಾದ ಗ್ರಾಜ್ ಪಟ್ಟಣದಲ್ಲಿ ಗ್ರಹಣವನ್ನು ಹೀಗೆಯೇ ನೋಡಿದ, ಈ ಒಗಟಿನ ಬೆನ್ನು ಹತ್ತಿದ. ಅದನ್ನು ಬಿಡಿಸಲು ಅವನಿಗೆ ಬೇಕಾದದ್ದು ಒಂದು ಪುಸ್ತಕ ಮತ್ತು ಒಂದು ದಾರ. ಪುಸ್ತಕವನ್ನು ಎತ್ತರದಲ್ಲಿಟ್ಟು ಅದೇ ಹೊಳೆಯುವ ಕಾಯವೆಂದು ಭಾವಿಸಿದ. ನೆಲಕ್ಕೂ ಅದಕ್ಕೂ ನಡುವೆ ಹಲವು ಮೂಲೆಗಳ ತೂತು ಕೊರೆದ ಹಲಗೆಯನ್ನು ಇಟ್ಟ. ಪುಸ್ತಕದ ಒಂದು ಮೂಲೆಯಿಂದ ದಾರ ಎಳೆದು, ತೂತಿನ ಅಂಚಿನುದ್ದಕ್ಕೂ ಸರಿಸುತ್ತ, ಅದರ ತುದಿ ನೆಲ ಮುಟ್ಟಿದಲ್ಲೆಲ್ಲ ಗುರುತು ಹಾಕಿದ. ನೆಲದ ಮೇಲೆ ತೂತಿನ ಆಕಾರ ಮೂಡಿತು. ಉಳಿದ ಮೂಲೆಗಳಿಗೂ ಅಂಚುಗಳಿಗೂ ಹೀಗೆಯೇ ಮಾಡಿದ. ಆ ಎಲ್ಲ ಆಕಾರಗಳು ಒಂದರ ಮೇಲೊಂದು ಸೇರಿದಾಗ ಒಟ್ಟು ಮೂಡಿದ್ದು ಪುಸ್ತಕದ ಚೌಕ!

ಒಗಟು ಒಡೆಯಿತು. ನೆಲದ ಚುಕ್ಕೆ ತೂತಿನ ನೆರಳಲ್ಲ, ಸೂರ್ಯನ ಚಿತ್ರ. ಅದರ ಅಂಚಿಗೆ ತೂತಿನ ಅಗಲವೂ ಸೇರಿ ಬೆಳಕು ಉಬ್ಬುತ್ತದೆ. ಚಂದ್ರ ಚಿಕ್ಕದಾಗಿ ಕಂಡದ್ದು ಆ ಉಬ್ಬಿನಿಂದ. ಕೆಪ್ಲರ್ ಇದನ್ನು 1604ರಲ್ಲಿ ಪ್ರಕಟಿಸಿದ. 2019ರ ಡಿಸೆಂಬರ್ 26ರ ಬೆಳಗ್ಗೆ ಕಾಸರಗೋಡಿನ ಚೆರುವತ್ತೂರಿನಲ್ಲಿ ಸೂರ್ಯ ಬಳೆಯಾಗಿದ್ದ, ಉತ್ತರ ಕನ್ನಡದಲ್ಲಿ ಕುಡುಗೋಲಾಗಿದ್ದ. ಮೋಡವಿಲ್ಲದ ಕಡೆ ಮರದಡಿಯ ಚುಕ್ಕೆಗಳದ್ದೂ ಅದೇ ಆಕಾರ.

ಈ ಇಡೀ ಕತೆಯನ್ನು ದಾಂಡೇಲಿಯ, ಮುಂಡಗೋಡಿನ ಯಾವ ಶಾಲೆಯಲ್ಲೂ ಮಕ್ಕಳ ಕೈಯಿಂದಲೇ ಮತ್ತೆ ನಡೆಸಬಹುದು. ಪಪ್ಪಾಯಿ ದಂಟು ಟೊಳ್ಳು: ನೆಟ್ಟಗಿದ್ದರೆ ಅದರೊಳಗಿಂದ ಮೇಣದಬತ್ತಿ ಕಾಣುತ್ತದೆ, ಡೊಂಕಾಗಿದ್ದರೆ ಇಲ್ಲ. ಬೆಳಕು ನೇರ ಸಾಗುತ್ತದೆ ಎಂಬುದಕ್ಕೆ ಇಷ್ಟು ಸಾಕು. ಕನ್ನಡಿಗೆ ಬಿದ್ದ ಬೆಳಕಿನ ಗೆರೆಯನ್ನೂ ಮರಳಿದ ಗೆರೆಯನ್ನೂ ಕಾಗದದ ಮೇಲೆ ಎಳೆದು ಕೋನಮಾಪಕ ಇಟ್ಟರೆ ಎರಡು ಕೋನಗಳೂ ಸಮ.

ಬಳಿಕ ಎರಡನ್ನೂ ಕೂಡಿಸಬೇಕು. ಕನ್ನಡಿಗೆ ಕಾಗದ ಅಂಟಿಸಿ, ನಡುವೆ ಅರ್ಧ ಸೆಂ.ಮೀ. ಅಗಲದ ಚೌಕ ಕತ್ತರಿಸಿ, ಅಂಗಳದ ಬಿಸಿಲಿನಲ್ಲಿಟ್ಟು, ಬಾಗಿಲ ಮೂಲಕ ಕತ್ತಲ ತರಗತಿಯ ಗೋಡೆಗೆ ಬಿಸಿಲು ಹಾಯಿಸಬೇಕು. ಮಕ್ಕಳು ಗೋಡೆಯನ್ನಷ್ಟೇ ನೋಡಬೇಕು. ಸೂರ್ಯನನ್ನಾಗಲಿ ಕನ್ನಡಿಯನ್ನಾಗಲಿ ನೋಡಲೇಬಾರದು. 20 ಮೀಟರ್ ದೂರದಲ್ಲಿ ಸುಮಾರು 19 ಸೆಂ.ಮೀ. ಅಗಲದ ದುಂಡು ಬಿಂಬ ಮೂಡುತ್ತದೆ. ಅದರಿಂದ ತೂತಿನ ಅಗಲ ಕಳೆದರೆ ಉಳಿಯುವುದು ಹದಿನೆಂಟೂವರೆ. ಚಂದ್ರನ ಲೆಕ್ಕದಲ್ಲಿ ಕೆಪ್ಲರ್ ತಿದ್ದಿದ್ದೂ ಇದನ್ನೇ. ಸೂರ್ಯ ಇರುವುದು 15 ಕೋಟಿ ಕಿ.ಮೀ. ದೂರದಲ್ಲಿ. ಬಿಂಬದ ಅಗಲಕ್ಕೂ ಗೋಡೆಯ ದೂರಕ್ಕೂ ಇರುವ ಅನುಪಾತದಿಂದಲೇ ಅದನ್ನು ಗುಣಿಸಿದರೆ ಸೂರ್ಯನ ವ್ಯಾಸ ಸುಮಾರು 14 ಲಕ್ಷ ಕಿ.ಮೀ. ಎಂದು ಬರುತ್ತದೆ, ಖಗೋಳ ವಿಜ್ಞಾನಿಗಳ ಲೆಕ್ಕವೂ ಅದೇ. ಪುಸ್ತಕದಲ್ಲಿ ಅಚ್ಚಾಗಿರುವ ಈ ಅಂಕಿಯನ್ನು ಪ್ರತಿ ಮಗುವೂ ಒಮ್ಮೆ ತಾನೇ ಅಳೆದು ಕಂಡುಕೊಳ್ಳಬೇಕು.