ಆಟದ ಯಂತ್ರ ಇಟ್ಟಿಗೆಯಾದೀತು, ಜೋಕೆ!

ರಜೆಗೆ ಬೆಂಗಳೂರಿನಿಂದ ಊರಿಗೆ ಬರುವ ಸೋದರಮಾವನ ಚೀಲದಲ್ಲಿ ಈಗ ಸಿಹಿತಿಂಡಿಯ ಪೊಟ್ಟಣದ ಜೊತೆಗೆ ಇನ್ನೊಂದು ವಸ್ತುವೂ ಇದ್ದರೆ ಅಚ್ಚರಿಯಿಲ್ಲ. ಅದು ಅವರ ಮಕ್ಕಳು ಆಡಿ ಬಿಟ್ಟ, ಅಂಗೈಯಗಲದ ಹಳೆಯ ಆಟದ ಯಂತ್ರ. ಚನ್ನಗಿರಿಯ ಅಡಿಕೆ ತೋಟದ ಮನೆಯಲ್ಲಾಗಲಿ, ಹೊನ್ನಾಳಿಯ ಹೊಳೆದಂಡೆಯ ಓಣಿಯಲ್ಲಾಗಲಿ, ನ್ಯಾಮತಿಯಲ್ಲಾಗಲಿ, ಜಗಳೂರಿನಲ್ಲಾಗಲಿ ಅಂಥದ್ದೊಂದು ಯಂತ್ರ ಹುಡುಗರ ಕೈಗೆ ಸಿಕ್ಕಿತೆಂದರೆ ಮೊದಲ ವಾರ ಆಟ. ಎರಡನೆಯ ವಾರ ಶುರುವಾಗುವುದೇ 'ಇದನ್ನು ಅಪ್‌ಡೇಟ್ ಮಾಡಿದರೆ ಹೇಗೆ?' ಎಂಬ ಆಲೋಚನೆ. ತಂದೆತಾಯಿಗೆ ಈ ಮಾತಿನ ಅರ್ಥವೇ ಆಗುವುದಿಲ್ಲ. ಅರ್ಥವಾಗುವ ಹೊತ್ತಿಗೆ ಯಂತ್ರ ಕಣ್ಣು ಮುಚ್ಚಿರುತ್ತದೆ. ಒತ್ತಿದರೂ ಇಲ್ಲ, ಅಲುಗಿಸಿದರೂ ಇಲ್ಲ. ಈ ಸ್ಥಿತಿಗೆ ಬಲ್ಲವರು ಇಟ್ಟಿರುವ ಹೆಸರು 'ಇಟ್ಟಿಗೆಯಾಗುವುದು'. ತೂಕವಿದೆ, ಆಕಾರವಿದೆ, ಉಪಯೋಗವಿಲ್ಲ.

ಹೀಗೇಕಾಗುತ್ತದೆ ಎಂಬುದನ್ನು ತಿಳಿಯಲು ಯಂತ್ರದ ಹೊಟ್ಟೆಯೊಳಗೆ ಸ್ವಲ್ಪ ಇಣುಕಬೇಕು.

ಯಾವುದೇ ಕಂಪ್ಯೂಟರಿನಂತೆ ಆಟದ ಯಂತ್ರಕ್ಕೂ ಎಚ್ಚರವಾದ ಕೂಡಲೇ ಏನು ಮಾಡಬೇಕೆಂದು ಹೇಳಿಕೊಡುವ ಬರಹವೊಂದು ಬೇಕು. ಪರದೆ ಬೆಳಗಿಸು, ಗುಂಡಿಗಳನ್ನು ಗಮನಿಸು, ಕಾರ್ಡಿನಲ್ಲಿ ಆಟವಿದೆಯೇ ನೋಡು ಎಂಬಿತ್ಯಾದಿ ಆಜ್ಞೆಗಳ ಈ ಕಟ್ಟಿಗೆ ಫರ್ಮ್‌ವೇರ್ ಎಂದು ಹೆಸರು. ಈ ಪದವನ್ನು 1967ರಲ್ಲಿ ಬಳಕೆಗೆ ತಂದವರು ಆಷರ್ ಓಪ್ಲರ್ ಎಂಬ ಅಮೆರಿಕನ್ ಲೇಖಕ. ಹಾರ್ಡ್‌ವೇರ್‌ನಷ್ಟು ಗಟ್ಟಿಯೂ ಅಲ್ಲ, ಸಾಫ್ಟ್‌ವೇರ್‌ನಷ್ಟು ಮೆದುವೂ ಅಲ್ಲ, ನಡುವಿನದು ಎಂಬುದು ಆ ಹೆಸರಿನ ಇಂಗಿತ.

ಫರ್ಮ್‌ವೇರ್ ಎರಡು ಜಾಗಗಳಲ್ಲಿರುತ್ತದೆ. ಒಂದು ಶಿಲಾಶಾಸನದಂತೆ. ಕಾರ್ಖಾನೆಯಲ್ಲಿ ಚಿಪ್ ತಯಾರಾಗುವಾಗಲೇ ಅದರೊಳಗೆ ಕೆತ್ತಿಹೋದದ್ದು. ಅದನ್ನು ಮಾಡಿದ ಕಂಪನಿಯೂ ಮತ್ತೆ ತಿದ್ದಲಾರದು. ಇದು ಬೂಟ್ ರಾಮ್. ಇನ್ನೊಂದು ಹಲಗೆಯ ಮೇಲಿನ ಬಳಪದ ಬರಹದಂತೆ, ಅಳಿಸಿ ಬರೆಯಬಹುದಾದದ್ದು. ಈ ಹಲಗೆಯೇ ಫ್ಲ್ಯಾಷ್ ಮೆಮೊರಿ. ಜಪಾನಿನ ತೊಷಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುವೊಕ ಇದನ್ನು 1984ರಲ್ಲಿ ಜಗತ್ತಿಗೆ ತಿಳಿಸಿದರು. ಬರಹವೆಲ್ಲ ಒಂದೇ ಬಾರಿಗೆ ಅಳಿಸಿಹೋಗುವುದು ಕ್ಯಾಮೆರಾದ ಫ್ಲ್ಯಾಷ್ ಬೆಳಕಿನಂತೆ ಕಂಡಿದ್ದರಿಂದ ಸಹೋದ್ಯೋಗಿಯೊಬ್ಬರು ಆ ಹೆಸರನ್ನು ಸೂಚಿಸಿದರಂತೆ.

ಈ 'ಒಂದೇ ಬಾರಿಗೆ' ಎಂಬುದರಲ್ಲೇ ಅಪಾಯದ ಬೇರಿದೆ. ಫ್ಲ್ಯಾಷ್ ಮೆಮೊರಿಯ ಒಂದೊಂದು ಕೋಶದಲ್ಲೂ ಸುತ್ತ ಗಾಜಿನಂಥ ಅವಾಹಕದ ಬೇಲಿಯಿರುವ ಒಂದು ಪುಟ್ಟ ಆವರಣವಿದೆ. ಅಲ್ಲಿ ಎಲೆಕ್ಟ್ರಾನುಗಳು ಕೂಡಿಹಾಕಲ್ಪಟ್ಟಿದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ಬೇಲಿಯೊಳಗೆ ಸಿಕ್ಕಿದ ಎಲೆಕ್ಟ್ರಾನು ವಿದ್ಯುತ್ ಇಲ್ಲದಿದ್ದರೂ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಆದರೆ ಒಂದೇ ಅಕ್ಷರವನ್ನು ತಿದ್ದಬೇಕೆಂದರೂ ಆ ಅಕ್ಷರವಿರುವ ಇಡೀ ಖಂಡವನ್ನು ಒರೆಸಿ, ನಂತರ ಹೊಸದಾಗಿ ಬರೆಯಬೇಕು. ಒರೆಸಿ ಆಗಿದೆ, ಬರೆಯುವುದು ಬಾಕಿಯಿದೆ. ಆ ಗಳಿಗೆಯಲ್ಲಿ ಕರೆಂಟು ಹೋಯಿತೆನ್ನಿ. ಹಳೆಯದೂ ಇಲ್ಲ, ಹೊಸದೂ ಇಲ್ಲ. ಮರುದಿನ ಎಚ್ಚರಗೊಂಡ ಯಂತ್ರ ಖಾಲಿ ಹಲಗೆಯನ್ನು ನೋಡುತ್ತ ಕೂರುತ್ತದೆ.

ಪಂಪ್‌ಸೆಟ್ ಲೈನಿನ ಮೇಲಿರುವ ತೋಟದ ಮನೆಗಳಲ್ಲಿ ತ್ರೀಫೇಸ್ ಬಂದುಹೋಗುವ ಹೊತ್ತಿಗೆ ದೀಪ ಒಮ್ಮೆ ಕಣ್ಣು ಮಿಟುಕಿಸುವುದು ಎಲ್ಲರಿಗೂ ಗೊತ್ತು. ಗಾಳಿಮಳೆಗೆ ತೆಂಗಿನ ಗರಿ ತಂತಿಯ ಮೇಲೆ ಬಿದ್ದರಂತೂ ಕೇಳುವುದೇ ಬೇಡ. ಟಿ.ವಿ.ಗೆ ಅದೊಂದು ಮಿಟುಕು, ಅಷ್ಟೆ. ಅಪ್‌ಡೇಟ್ ನಡೆಯುತ್ತಿರುವ ಯಂತ್ರಕ್ಕೆ ಅದು ಪ್ರಾಣಾಂತಿಕ.

ಸ್ವಂತ ಫರ್ಮ್‌ವೇರ್ ಎಂಬ ಹವ್ಯಾಸ

ಸೋನಿ ಕಂಪನಿಯ ಪ್ಲೇಸ್ಟೇಷನ್ ಪೋರ್ಟಬಲ್, ಹುಡುಗರ ಬಾಯಲ್ಲಿ ಪಿಎಸ್‌ಪಿ, ಜಪಾನಿನಲ್ಲಿ 2004ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಯಿತು. ಕಂಪನಿ ಒಪ್ಪಿದ ಆಟಗಳನ್ನು ಮಾತ್ರ ಆಡಿಸುವಂತೆ ಅದಕ್ಕೆ ಬೀಗ ಹಾಕಲಾಗಿತ್ತು. ಕೆಲವೇ ತಿಂಗಳಲ್ಲಿ ಹವ್ಯಾಸಿಗಳು ಆ ಬೀಗದ ಸಂದುಗಳನ್ನು ಹುಡುಕತೊಡಗಿದರು. ಚಿತ್ರವೊಂದನ್ನು ತೆರೆಯುವಾಗ ಯಂತ್ರ ಎಡವುತ್ತದೆಂದು ಕಂಡುಕೊಂಡು, ಆ ಎಡವಿನ ಮೂಲಕವೇ ತಮ್ಮ ಕಾರ್ಯಕ್ರಮಗಳನ್ನು ಒಳಸೇರಿಸಿದ್ದೂ ಉಂಟು! ಕಂಪನಿ ಹೊಸ ಫರ್ಮ್‌ವೇರ್‌ನಿಂದ ಸಂದು ಮುಚ್ಚುವುದು, ಇವರು ಇನ್ನೊಂದು ಹುಡುಕುವುದು. ಹೀಗೆ ವರ್ಷಗಟ್ಟಲೆ ನಡೆಯಿತು. ಕೊನೆಗೆ ಕಂಪನಿಯ ಫರ್ಮ್‌ವೇರ್‌ಗೇ ತಮ್ಮ ತಿದ್ದುಪಡಿ ಸೇರಿಸಿ ಹಂಚತೊಡಗಿದರು. ಇದಕ್ಕೇ ಕಸ್ಟಮ್ ಫರ್ಮ್‌ವೇರ್ ಎನ್ನುವುದು. ಮಾವ ತಂದುಕೊಟ್ಟ ಹಳೆಯ ಯಂತ್ರದಲ್ಲಿ ಇಂಥದ್ದು ಮೊದಲೇ ಕೂತಿರುವ ಸಾಧ್ಯತೆ ಸಾಕಷ್ಟಿದೆ.

ಇದರಿಂದ ಲಾಭವೇನು? ತಾನೇ ಬರೆದ ಪುಟ್ಟ ಆಟವನ್ನು ತನ್ನ ಯಂತ್ರದಲ್ಲಿ ಓಡಿಸಿ ನೋಡುವ ಹುಡುಗಿ ಪಠ್ಯಪುಸ್ತಕದ ಹತ್ತು ಅಧ್ಯಾಯಗಳಷ್ಟನ್ನು ಕಲಿಯುತ್ತಾಳೆ. ಅದು ನಿಜ. ಕದ್ದ ಆಟಗಳನ್ನು ತುಂಬಿಕೊಳ್ಳಲು ಇದನ್ನು ಬಳಸುವವರೇ ಹೆಚ್ಚು ಎಂಬುದೂ ಅಷ್ಟೇ ನಿಜ. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಿಂದ ಸೇರಿದ 65-ಎ ಕಲಮು, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದವರಿಗೆ 2 ವರ್ಷದವರೆಗಿನ ಸೆರೆವಾಸ ಮತ್ತು ದಂಡ ವಿಧಿಸುತ್ತದೆ. ಉದ್ದೇಶ ಎಂಬ ಮಾತು ಅಲ್ಲಿ ಮುಖ್ಯ. ಪೋಷಕರು ಮಕ್ಕಳನ್ನು ಕೇಳಬೇಕಾದದ್ದೂ ಅದನ್ನೇ. ಕಂಪನಿಯ ಖಾತರಿ ಹೋಗುವುದು ಬೇರೆ ಮಾತು. ಹಳೆಯ ಯಂತ್ರಕ್ಕೆ ಅದು ಉಳಿದೂ ಇರುವುದಿಲ್ಲ.

ಅಂದಹಾಗೆ, ಒಡೆಯನೇ ತಂತ್ರಾಂಶ ಬದಲಿಸಿಕೊಳ್ಳಲು ಮುಕ್ತವಾಗಿದ್ದ ಅಂಗೈ ಯಂತ್ರವೊಂದು ನಮ್ಮ ಬೆಂಗಳೂರಿನಲ್ಲೇ ಹುಟ್ಟಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸೇರಿ ರೂಪಿಸಿದ ಸಿಂಪ್ಯೂಟರ್ ಅದು. ಲಿನಕ್ಸ್ ಮೇಲೆ ನಡೆಯುತ್ತಿತ್ತು. ಪಿಕೋಪೇಟಾ ಕಂಪನಿಯ 'ಅಮಿಡಾ' ಸಿಂಪ್ಯೂಟರ್ 2004ರಲ್ಲಿ ಮಾರುಕಟ್ಟೆಗೆ ಬಂದಾಗ ಅದನ್ನು ತಯಾರಿಸಿದ್ದು ಭಾರತ್ ಎಲೆಕ್ಟ್ರಾನಿಕ್ಸ್. ಕೈಯ ಓಲಾಟವನ್ನು ಗುರುತಿಸುವ ಸಂವೇದಕವೂ ಅದರಲ್ಲಿತ್ತು. ಸ್ಮಾರ್ಟ್‌ಫೋನುಗಳು ಮನೆಮಾತಾಗುವ ಮೊದಲೇ! ಜನ ಅದನ್ನು ಮರೆತರು ಎನ್ನುವುದು ಬೇಸರದ ಸಂಗತಿ.

ಎರಡು ಹಳೆಯ ಪಾಠಗಳು

ಕರೆಂಟು ಹೋಗುವುದೊಂದೇ ಅಪಾಯವಲ್ಲ. 2005ರ ಅಕ್ಟೋಬರ್‌ನಲ್ಲಿ ಪಿಎಸ್‌ಪಿಗೆಂದು ಒಂದು ಕಾರ್ಯಕ್ರಮ ಹರಿದಾಡಿತು. 2.0 ಫರ್ಮ್‌ವೇರನ್ನು ಹಳೆಯ 1.5ಕ್ಕೆ ಇಳಿಸಿಕೊಡುತ್ತೇನೆ ಎಂಬುದು ಅದರ ಆಶ್ವಾಸನೆ. ನಂಬಿ ಓಡಿಸಿದವರ ಯಂತ್ರದಿಂದ ಅದು ನಾಲ್ಕು ಮುಖ್ಯ ಕಡತಗಳನ್ನು ಅಳಿಸಿಹಾಕಿತು. ಯಂತ್ರ ಇಟ್ಟಿಗೆ. ವೈರಸ್ ತಡೆಯುವ ಕಂಪನಿಗಳು ಇದಕ್ಕೆ ಹೆಸರಿಟ್ಟು ಎಚ್ಚರಿಕೆ ಕೊಡಬೇಕಾಯಿತು. 2014ರ ಆರಂಭದಲ್ಲಿ ನಿಂಟೆಂಡೊ 3ಡಿಎಸ್ ಯಂತ್ರಕ್ಕೆ ಗೇಟ್‌ವೇ ಎಂಬ ಕಾರ್ಡ್ ಮಾರುತ್ತಿದ್ದವರು ಇನ್ನೂ ಸೋಜಿಗದ ಕೆಲಸ ಮಾಡಿದರು. ತಮ್ಮ ಕಾರ್ಡಿನ ನಕಲು ಮಾಡಿ ಮಾರುವವರ ಮೇಲಿನ ಸಿಟ್ಟಿಗೆ, ನಕಲಿ ಕಾರ್ಡ್ ಕಂಡರೆ ಯಂತ್ರವನ್ನೇ ಕೆಡಿಸುವ ಆಜ್ಞೆಯನ್ನು ತಮ್ಮ ಫರ್ಮ್‌ವೇರ್‌ನಲ್ಲಿ ಬಚ್ಚಿಟ್ಟಿದ್ದರು. ಕಳ್ಳರ ಜಗಳದಲ್ಲಿ ಕೆಟ್ಟದ್ದು ಯಾರದೋ ಮನೆಯ ಹುಡುಗರ ಯಂತ್ರಗಳು.

ಆದ್ದರಿಂದ ಕಡತ ಎಲ್ಲಿಂದ ಬಂತು ಎಂಬುದು ಮೊದಲ ಪ್ರಶ್ನೆ. ಗೆಳೆಯನ ಪೆನ್‌ಡ್ರೈವಿನಿಂದ, ವಾಟ್ಸಾಪ್‌ನಿಂದ, ವಿಡಿಯೊ ಒಂದರ ಕೆಳಗಿನ ಕೊಂಡಿಯಿಂದ ಬಂದದ್ದನ್ನು ಮುಟ್ಟಬಾರದು. ತಂತ್ರಾಂಶ ಬರೆದವರ ಸ್ವಂತ ತಾಣದಿಂದಲೇ ತರಬೇಕು. ಅನೇಕರು ಕಡತದ ಜೊತೆಗೆ 64 ಅಕ್ಷರ-ಅಂಕಿಗಳ ಒಂದು ಸಾಲನ್ನೂ ಪ್ರಕಟಿಸುತ್ತಾರೆ. ಅದು ಆ ಕಡತದ ಬೆರಳಚ್ಚು. ಕಡತದ ಒಂದೇ ಒಂದು ಬಿಟ್ ಬದಲಾದರೂ ಇಡೀ ಸಾಲು ಬೇರೆಯಾಗುತ್ತದೆ. ವಿಂಡೋಸ್ ಕಂಪ್ಯೂಟರಿನಲ್ಲಿ 'ಸರ್ಟ್‌ಯುಟಿಲ್' ಎಂಬ ಆಜ್ಞೆಯಿಂದ ಈ ಬೆರಳಚ್ಚನ್ನು ತೆಗೆದು ತಾಳೆ ನೋಡಬಹುದು. ಎರಡು ನಿಮಿಷದ ಕೆಲಸ; ಮಾಡುವವರು ಕಡಿಮೆ.

ಕಾರ್ಡಿನ ವಿಷಯವೂ ಹೀಗೆಯೇ. 128 ಜಿಬಿ ಎಂದು ಬರೆದು, ಒಳಗೆ 8 ಜಿಬಿ ಮಾತ್ರ ಇರುವ ನಕಲಿ ಮೆಮೊರಿ ಕಾರ್ಡುಗಳು ಪೇಟೆಯಲ್ಲಿ ಸುಳಿದಾಡುತ್ತವೆ. ತುಂಬುವವರೆಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ನಂತರ ಬರೆದದ್ದು ಹಾಳಾಗುತ್ತದೆ. ಹೊಸ ಕಾರ್ಡನ್ನು ಒಮ್ಮೆ ಪೂರ್ತಿ ತುಂಬಿಸಿ, ತುಂಬಿಸಿದ್ದನ್ನು ಮತ್ತೆ ಕಂಪ್ಯೂಟರಿಗೆ ನಕಲಿಸಿ ತಾಳೆ ನೋಡಿದ ಮೇಲೆಯೇ ಫರ್ಮ್‌ವೇರ್ ಕಡತಕ್ಕೆ ಬಳಸಬೇಕು.

ಮುಂದಿನದು ನಕಲು ತೆಗೆದಿಡುವುದು. 3ಡಿಎಸ್‌ನಲ್ಲಿ ಗಾಡ್‌ಮೋಡ್9 ಎಂಬ ಸಾಧನದಿಂದ ಫ್ಲ್ಯಾಷ್ ಮೆಮೊರಿಯ ಪೂರ್ತಿ ಪ್ರತಿಯನ್ನು ತೆಗೆಯಬಹುದು. ಹಳೆಯ ಮಾದರಿಯಲ್ಲಿ ಅದು ಸುಮಾರು 943 ಎಂಬಿ. ಇದನ್ನು ಕಾರ್ಡಿನಲ್ಲೇ ಬಿಟ್ಟರೆ ಪ್ರಯೋಜನವಿಲ್ಲ. ಕಂಪ್ಯೂಟರಿನಲ್ಲೊಂದು, ಬೇರೆಡೆ ಇನ್ನೊಂದು ಇಡಬೇಕು. 'ನಿನ್ನ ಪ್ರತಿ ಇದೆಯಲ್ಲ, ಕೆಟ್ಟರೆ ಅದನ್ನೇ ಹಾಕಿಕೊಂಡರಾಯಿತು' ಎಂದು ಗೆಳೆಯರು ಲೆಕ್ಕ ಹಾಕುವುದುಂಟು. ಅದು ನಡೆಯುವುದಿಲ್ಲ. ಒಂದೊಂದು ಯಂತ್ರದ ಮೆಮೊರಿಯೂ ಅದರದೇ ಗುಟ್ಟಿನ ಕೀಲಿಯಿಂದ ಗೂಢಲಿಪಿಯಲ್ಲಿರುತ್ತದೆ. ನೆರೆಮನೆಯ ಬೀಗದಕೈ ನಮ್ಮ ಬಾಗಿಲಿಗೆ ಬರುವುದಿಲ್ಲ.

ಹಾಗಾದರೆ ಅಪ್‌ಡೇಟ್ ಮಾಡಲೇಬೇಕೇ? ಬಹಳ ಸಲ ಬೇಡ. ಪಿಎಸ್‌ಪಿಯ ಕೊನೆಯ ಅಧಿಕೃತ ಫರ್ಮ್‌ವೇರ್ 6.61, ಅದು ಬಂದದ್ದು 2015ರಲ್ಲಿ. ಯಂತ್ರ ಚೆನ್ನಾಗಿ ನಡೆಯುತ್ತಿದ್ದರೆ, ಹೊಸ ಅಂಕಿ ಕಂಡಿತೆಂದ ಮಾತ್ರಕ್ಕೆ ಕೈ ಹಾಕುವುದು ನೆಟ್ಟಗಿರುವ ಹಲ್ಲನ್ನು ಕೀಳಿಸಿದಂತೆ. ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪಿಎಸ್‌ಪಿಯ ಕೆಲವು ಕಸ್ಟಮ್ ಫರ್ಮ್‌ವೇರ್‌ಗಳು ಫ್ಲ್ಯಾಷ್‌ನಲ್ಲಿ ನೆಲೆಯೂರದೆ ಪ್ರತಿ ಸಲವೂ ತಾತ್ಕಾಲಿಕ ಮೆಮೊರಿಗೆ ಏರುತ್ತವೆ. ಪೂರ್ತಿ ಆರಿಸಿದರೆ ಹೋಗುತ್ತವೆ. ಪ್ರತಿ ಸಲ ಒಂದು ಗುಂಡಿ ಹೆಚ್ಚು ಒತ್ತುವ ತೊಂದರೆಯಿದ್ದರೂ ಕಲಿಯುವವರಿಗೆ ಇದೇ ಕ್ಷೇಮ.

ನಿಂಟೆಂಡೊ ಸ್ವಿಚ್ ಯಂತ್ರದ ಕತೆ ಬೇರೆ. ಅದರ ಮೊದಲ ಮಾದರಿಗಳ ಬೂಟ್ ರಾಮ್‌ನಲ್ಲೇ ದೋಷವಿದೆಯೆಂದು 2018ರಲ್ಲಿ ಬಹಿರಂಗವಾಯಿತು. ಶಿಲಾಶಾಸನದ ಕಾಗುಣಿತದ ತಪ್ಪಲ್ಲವೇ! ಆಗಲೇ ಮಾರಾಟವಾಗಿದ್ದ ಯಂತ್ರಗಳಲ್ಲಿ ಅದನ್ನು ಸರಿಪಡಿಸುವುದು ಕಂಪನಿಯ ಕೈಯಲ್ಲಿರಲಿಲ್ಲ. ಈ ಯಂತ್ರದಲ್ಲಿ ಆಟ್ಮಾಸ್ಫಿಯರ್ ಎಂಬ ಕಸ್ಟಮ್ ಫರ್ಮ್‌ವೇರ್ ಇದ್ದರೆ ಅನುಕ್ರಮ ತಪ್ಪಬಾರದು. ಕಂಪನಿಯ ಹೊಸ ಆವೃತ್ತಿಗೆ ಹೊಂದುವ ಆಟ್ಮಾಸ್ಫಿಯರ್ ಬಂದಿದೆಯೇ ನೋಡಿ, ಮೊದಲು ಅದನ್ನು ಹಾಕಿ, ಆಮೇಲಷ್ಟೇ ಕಂಪನಿಯ ಅಪ್‌ಡೇಟ್. ಹಿಂದುಮುಂದಾದರೆ ಕಸ್ಟಮ್ ಫರ್ಮ್‌ವೇರ್ ಏಳುವುದಿಲ್ಲ. ಯಂತ್ರ ಸತ್ತಿತೆಂದು ಹೆದರಿ ಕಂಡದ್ದೆಲ್ಲ ಒತ್ತಿ ನಿಜವಾಗಿ ಕೆಡಿಸಿಕೊಳ್ಳುವುದು ಆಗಲೇ.

ಇಟ್ಟಿಗೆಯಾದ ಮೇಲೆ ದಾರಿಯೇ ಇಲ್ಲವೇ? ಇದೆ, ಕೆಲವಕ್ಕೆ. ಪಿಎಸ್‌ಪಿಯ ಬ್ಯಾಟರಿಯೊಳಗೆ ಕ್ರಮಸಂಖ್ಯೆ ಹೊತ್ತ ಸಣ್ಣ ಚಿಪ್ ಒಂದಿದೆ. ಆ ಸಂಖ್ಯೆಯ ಬಿಟ್‌ಗಳೆಲ್ಲ 1 ಆಗಿದ್ದರೆ ಯಂತ್ರವು 'ರಿಪೇರಿಯವರು ಬಂದಿದ್ದಾರೆ' ಎಂದು ತಿಳಿದು ಫ್ಲ್ಯಾಷ್ ಬಿಟ್ಟು ನೇರವಾಗಿ ಮೆಮೊರಿ ಕಾರ್ಡಿನಿಂದ ಎಚ್ಚರಗೊಳ್ಳುತ್ತದೆ. 2007ರಲ್ಲಿ ಇದನ್ನು ಬಯಲಿಗೆ ತಂದ ಹವ್ಯಾಸಿಗಳು ಆ ಬ್ಯಾಟರಿಗೆ ಪಂಡೋರಾ ಎಂದು ಹೆಸರಿಟ್ಟರು. ಪಿಎಸ್‌ಪಿ 1000 ಮತ್ತು 2000ರ ಮೊದಮೊದಲ ತಂಡಗಳಿಗೆ ಇದು ಸಂಜೀವಿನಿ. 3000 ಮಾದರಿಗೆ ನಾಟುವುದಿಲ್ಲ. 3ಡಿಎಸ್‌ನದು ಇನ್ನೂ ಸ್ವಾರಸ್ಯ. ಮುಚ್ಚಳ ಮುಚ್ಚಿರುವಾಗ ಕೆಲವು ಗುಂಡಿಗಳನ್ನು ಒತ್ತಿ ಹಿಡಿದು ಹೊತ್ತಿಸಿದರೆ ಅದು ಹೊರಗಿನ ಕಾರ್ಡಿನಿಂದ ಎಚ್ಚರಗೊಳ್ಳುತ್ತದೆ. ಮುಚ್ಚಿದರೆ ಗುಂಡಿ ಒತ್ತುವುದೆಂತು? ಮುಚ್ಚಳವನ್ನು ಯಂತ್ರ ಗುರುತಿಸುವುದು ಅಯಸ್ಕಾಂತದಿಂದ. ತೆರೆದೇ ಇಟ್ಟು ತಕ್ಕ ಜಾಗದಲ್ಲಿ ಸಣ್ಣ ಅಯಸ್ಕಾಂತ ಹಿಡಿದರೆ ಅದು ಮೋಸಹೋಗುತ್ತದೆ! ಪ್ರಯೋಗಶಾಲೆಯ ಅಯಸ್ಕಾಂತಕ್ಕೆ ಇಂಥದ್ದೊಂದು ಕೆಲಸವಿದೆಯೆಂದು ಯಾರು ಎಣಿಸಿದ್ದರು?

ಈಗಿನ ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಈ ಗೋಳು ಕಡಿಮೆ. 2016ರ ಆಂಡ್ರಾಯ್ಡ್ 7ರಿಂದ ಬಂದ ಏರ್ಪಾಟಿನಂತೆ ಅವುಗಳಲ್ಲಿ ಹಲಗೆಗಳು ಎರಡು. ಒಂದರ ಮೇಲೆ ಕೆಲಸ ನಡೆಯುತ್ತಿರುವಾಗ ಇನ್ನೊಂದರ ಮೇಲೆ ಹೊಸದನ್ನು ಬರೆದು, ಸರಿಯಿದ್ದರೆ ಮಾತ್ರ ಅದಕ್ಕೆ ದಾಟುತ್ತದೆ. ಹಳೆಯ ಆಟದ ಯಂತ್ರಕ್ಕೆ ಆ ಭಾಗ್ಯವಿಲ್ಲ.

ಹೀಗಾಗಿ ಮಾತು ಮತ್ತೆ ಕರೆಂಟಿಗೇ ಬರುತ್ತದೆ. ಹದಿನೈದು-ಇಪ್ಪತ್ತು ವರ್ಷದ ಲಿಥಿಯಂ ಬ್ಯಾಟರಿ ಬಸುರಿಯ ಹೊಟ್ಟೆಯಂತೆ ಉಬ್ಬಿರುತ್ತದೆ. ಉಬ್ಬಿದ್ದನ್ನು ಚುಚ್ಚಬಾರದು, ಒತ್ತಬಾರದು, ಚಾರ್ಜ್ ಮಾಡಲೂಬಾರದು. ತೆಗೆದು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು. ಆದರೆ ಅದನ್ನು ತೆಗೆದು ಬರೀ ಅಡಾಪ್ಟರಿನ ಮೇಲೆ ಅಪ್‌ಡೇಟ್ ಮಾಡಹೊರಟರೆ ಯಂತ್ರದ ಜೀವ ಗೋಡೆಯ ಪ್ಲಗ್ಗಿನಲ್ಲಿ ತೂಗುತ್ತಿರುತ್ತದೆ. ಪಿಎಸ್‌ಪಿಯ ಅಧಿಕೃತ ಅಪ್‌ಡೇಟ್ ಬ್ಯಾಟರಿಯಲ್ಲಿ ಸಾಕಷ್ಟು ಶಕ್ತಿಯಿಲ್ಲದಿದ್ದರೆ ಆರಂಭವಾಗಲು ಒಪ್ಪದಿರುವುದು ಇದಕ್ಕೇ. ಆ ಕಾವಲನ್ನು ತಪ್ಪಿಸುವ ಉಪಾಯ ಹುಡುಕುವ ಬದಲು ಒಳ್ಳೆಯ ಬ್ಯಾಟರಿ ಸಿಗುವವರೆಗೆ ಕಾಯುವುದು ಮೇಲು. ಬ್ಯಾಟರಿ ತುಂಬಿಸಿ, ಅಡಾಪ್ಟರನ್ನೂ ಸಿಕ್ಕಿಸಿ, ಮನೆಯಲ್ಲಿ ಇನ್ವರ್ಟರ್ ಇದ್ದರೆ ಆ ಲೈನಿನ ಪ್ಲಗ್ಗನ್ನೇ ಆರಿಸಿ, ಮಳೆಮೋಡವಿಲ್ಲದ ಬೆಳಗಿನ ಹೊತ್ತು ಕೂತರೆ ಸರಿ. ಬರೆಯುವ ಪಟ್ಟಿ ನೂರು ಮುಟ್ಟಿ ಯಂತ್ರ ತಾನಾಗಿ ಆರಿ ಹೊತ್ತಿಕೊಳ್ಳುವಾಗ ಮೊದಲ ಸಲ ಎಂದಿಗಿಂತ ಹೆಚ್ಚು ಹೊತ್ತು ಪರದೆ ಕಪ್ಪಾಗಿರಬಹುದು. ಆ ಹೊತ್ತಿನಲ್ಲಿ ಸ್ವಿಚ್ಚಿನ ಮೇಲಿಂದ ಬೆರಳು ತೆಗೆದಿರಬೇಕು. ತಮ್ಮ-ತಂಗಿಯರ ಬೆರಳೂ ಸೇರಿ.